ನನ್ನ ಬಾಯಿ ಮುಚ್ಚಿಸಿದ ತುತ್ತು

ಕೆಲವರಿಗೆ ಹುಟ್ಟಿನಿಂದಲೇ ಹಾಡುವ ಕಂಠ ಬಂದಿರುತ್ತದೆ, ಕೆಲವರಿಗೆ ಗಣಿತ. ನನಗೆ ಬಂದದ್ದು ನಾಲಿಗೆ. ಅದರಿಂದ ನಾನು ದೊಡ್ಡ ಮಾತುಗಾರನೇನೂ ಆಗಲಿಲ್ಲ. ಪುಣೆಯ ಶಿವಾಜಿನಗರದ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತಿಕೆ ಮಾಡಿದರೂ ಸಾಹೇಬರ ಎದುರು ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡೇ ಇರುತ್ತಿತ್ತು. ಅದು ಬಿಚ್ಚಿಕೊಳ್ಳುತ್ತಿದ್ದುದು ಊಟಕ್ಕೆ ಕೂತಾಗ ಮಾತ್ರ. ಬಡಿಸಿದ ಅನ್ನದಲ್ಲಿ, ಸಾರಿನಲ್ಲಿ, ಕೋಸಂಬರಿಯಲ್ಲಿ ಎಲ್ಲಿ ತಪ್ಪಿದೆ ಎಂದು ಮೊದಲ ತುತ್ತಿಗೇ ಹೇಳಿಬಿಡುತ್ತಿದ್ದೆ. ಇದು ಪಿತ್ರಾರ್ಜಿತ. ಬಾಗಲಕೋಟೆ ಕಡೆಯ ಮದುವೆ ಮನೆಗಳಿಗೆ ನಮ್ಮ ತಂದೆ ಕಾಲಿಟ್ಟರೆ ಅಡುಗೆಯವರು ಓಡಿ ಬಂದು, "ರಾಯರ, ಇವತ್ತೊಂದಿನ ಮಾಫಿ ಮಾಡ್ರಿ" ಎಂದು ಕೈ ಮುಗಿಯುತ್ತಿದ್ದರಂತೆ. ತಂದೆ ನನಗೆ ಹೊಲ ಬಿಡಲಿಲ್ಲ, ಮನೆ ಬಿಡಲಿಲ್ಲ, ಇದೊಂದನ್ನು ಬಿಟ್ಟುಹೋದರು.

ಈ ಆಸ್ತಿಯ ಭಾರವನ್ನೆಲ್ಲ ಹೊತ್ತವಳು ನನ್ನ ಹೆಂಡತಿ ಸುಮಿತ್ರಾ. ಗದಗಿನ ಹುಡುಗಿ, ಮದುವೆಯಾಗಿ ನೇರ ಪುಣೆಗೆ ಬಂದಳು. ಮೊದಲ ವರ್ಷಗಳಲ್ಲಿ ಬಡಿಸಿ ಎದುರಿಗೆ ನಿಂತು, "ಹ್ಯಾಂಗಾಗೇದರಿ?" ಎಂದು ಕೇಳುತ್ತಿದ್ದಳು. ನಾನು ಒರಟನಲ್ಲ. "ಚಲೋ ಆಗೇದ" ಎಂದೇ ಶುರು ಮಾಡುತ್ತಿದ್ದೆ. ಆಮೇಲೆ, "ಆದ್ರ..." ಎನ್ನುತ್ತಿದ್ದೆ. ಚಲೋ ಆಗೇದ, ಆದ್ರ ಒಗ್ಗರಣಿ ಸ್ವಲ್ಪ ಸೀದದ. ಚಲೋ ಆಗೇದ, ಆದ್ರ ನಮ್ಮವ್ವ ಇದಕ್ಕ ಎಳ್ಳು ಹಾಕ್ತಿದ್ಳು. ಒಮ್ಮೆ ಅವಳು, "ನಿಮ್ಮ 'ಆದ್ರ' ಬರೂತನಕಾ ನನಗ ತುತ್ತು ಇಳಿಯೂದಿಲ್ರಿ" ಎಂದಳು. ಅದನ್ನು ನಾನು ತಮಾಷೆಯೆಂದೇ ತಿಳಿದು ಆಫೀಸಿನಲ್ಲೆಲ್ಲ ಹೇಳಿ ನಕ್ಕೆ. ಯಾವಾಗಲೋ ಅವಳು ಕೇಳುವುದನ್ನೇ ಬಿಟ್ಟಳು. ಯಾವಾಗ ಬಿಟ್ಟಳೆಂಬುದು ನನಗೆ ಗೊತ್ತೇ ಆಗಲಿಲ್ಲ. ಕೇಳದಿದ್ದರೂ ನಾನು ಹೇಳುತ್ತಲೇ ಇದ್ದೆನಲ್ಲ!

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ದಿನ ಹತ್ತಿರ ಬಂತು. ನಾನು ಉದಾರ ಮನಸ್ಸಿನಿಂದ, "ಅವತ್ತು ನೀ ಅಡಿಗಿ ಮಾಡಬ್ಯಾಡ, ಹೋಟೆಲಿಗೆ ಹೋಗೂಣು" ಎಂದೆ. ಸುಮಿತ್ರಾ ಕೈಯಲ್ಲಿದ್ದ ಸೌಟು ಕೆಳಗಿಡದೆ, "ಬ್ಯಾಡ್ರಿ" ಎಂದಳು. "ಮನ್ಯಾಗ ಆದ್ರ ನಾನೊಬ್ಬಾಕಿ ಕೇಳ್ತೀನಿ. ಹೋಟೆಲಿನಾಗ ಎಲ್ಲಾರೂ ಕೇಳ್ತಾರ. ಬಡಸವರ ಮಾರಿ ನೋಡಲಿಕ್ಕೆ ನನಗ ನಾಚಿಕಿ ಬರ್ತದ."

ಅವಳ ಮಾತಿಗೆ ಆಧಾರವಿತ್ತು. ಉಡುಪಿ ಹೋಟೆಲಿನ ಮಾಲೀಕರ ಜೊತೆ ಸಾಂಬಾರಿಗೆ ಬೆಲ್ಲ ಏಕೆಂದು ನಾನು ವಾದ ಹೂಡಿದ್ದೆ. ಒಂದು ಮರಾಠಿ ಖಾನಾವಳಿಯಲ್ಲಿ ಪುರಣಪೋಳಿ ಬಡಿಸಲು ಬಂದ ಅಜ್ಜಿಗೆ ಹೋಳಿಗೆಯ ಕಣಕ ಹೇಗಿರಬೇಕೆಂದು ನನ್ನ ಅರೆಬರೆ ಮರಾಠಿಯಲ್ಲಿ ಪಾಠ ಹೇಳಿದ್ದೆ. ಆಕೆ ಒಳಗೆ ಹೋಗಿ ಲಟ್ಟಣಿಗೆ ತಂದು ನನ್ನ ಮುಂದೆ ಹಿಡಿದು, "ತುಮ್ಹೀಚ್ ಕರೂನ್ ದಾಖವಾ, ಸಾಹೇಬ್" ಎಂದಳು. ನೀವೇ ಮಾಡಿ ತೋರಿಸಿ, ಎಂದು. ಆ ರಸ್ತೆಯಲ್ಲಿ ನಾನು ಈಗಲೂ ಓಡಾಡುವುದಿಲ್ಲ.

ದಾರಿ ಹುಡುಕಿದವಳು ಕಾಲೇಜಿಗೆ ಹೋಗುತ್ತಿದ್ದ ನಮ್ಮ ಮಗಳು ವಿದ್ಯಾ. "ಅಪ್ಪಾ ಎಂದೂ ತಿನ್ನದ ಊಟ ಇರಬೇಕವ್ವಾ. ಹ್ಯಾಂಗಿರಬೇಕಂತ ಗೊತ್ತಿದ್ರ ತಾನೇ ತಪ್ಪು ಹುಡುಕೂದು?" ಎಂದಳು. ಅವಳ ಕ್ಲಾಸಿನಲ್ಲಿ ಇಥಿಯೋಪಿಯಾದ ಹುಡುಗಿಯೊಬ್ಬಳಿದ್ದಳಂತೆ. ಆ ದೇಶದ ವಿದ್ಯಾರ್ಥಿಗಳೆಲ್ಲ ಊಟ ಮಾಡುವ ಒಂದು ಸಣ್ಣ ಹೋಟೆಲು ಶಿವಾಜಿನಗರದಲ್ಲೇ, ಕೋರ್ಟಿನ ಹಿಂದಿನ ಗಲ್ಲಿಯಲ್ಲಿ, ಝೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲಿದೆಯಂತೆ. ಬುಧವಾರ, ಶುಕ್ರವಾರ ಅವರಿಗೆ ಉಪವಾಸ. ಅಂದು ಅಡುಗೆಮನೆಯಲ್ಲಿ ಮಾಂಸ, ಮೊಟ್ಟೆ ಇರಲಿ, ಹಾಲು ತುಪ್ಪವೂ ಇರುವುದಿಲ್ಲವಂತೆ. ನಮ್ಮ ದಿನ ಬಂದದ್ದು ಶುಕ್ರವಾರವೇ. "ನಮ್ಮ ಏಕಾದಶಿಗಿಂತ ಭಾರಿ ಅದಲ್ಲ!" ಎಂದು ಸುಮಿತ್ರಾ ಒಪ್ಪಿಬಿಟ್ಟಳು. ಆ ಝೆರಾಕ್ಸ್ ಅಂಗಡಿಯ ಮುಂದೆ ನಾನು ವರ್ಷಗಟ್ಟಲೆ ದಿನಾ ಎರಡು ಸಲ ಓಡಾಡಿದ್ದೆ. ಒಮ್ಮೆಯೂ ತಲೆ ಎತ್ತಿ ಮೇಲೆ ನೋಡಿರಲಿಲ್ಲ.

ಅರ್ಧ ದಿನ ರಜೆ ಹಾಕಿದೆ. ಸುಮಿತ್ರಾ ಇಳಕಲ್ ಸೀರೆ ಉಟ್ಟು ಬಸ್ಸಿನಲ್ಲಿ ಬಂದಳು. ಕಬ್ಬಿಣದ ಮೆಟ್ಟಿಲೇರಿ ಹೋದರೆ ಎರಡು ಕೋಣೆ, ಐದಾರು ಬೆತ್ತದ ಮೇಜು. ಬಾಗಿಲಲ್ಲಿ ಎತ್ತರದ ಹೆಂಗಸೊಬ್ಬಳು, ಅಂಚಿನಲ್ಲಿ ಬಣ್ಣದ ನೇಯ್ಗೆಯಿದ್ದ ಬಿಳಿ ಹತ್ತಿಯ ಉಡುಗೆ ತೊಟ್ಟು, ನಗುತ್ತ ತಲೆ ಬಾಗಿಸಿ ಒಳಗೆ ಕರೆದಳು. ನಡುವಯಸ್ಸು. ಹೆಸರು ಅಲ್ಮಾಜ್ ಎಂದು ವಿದ್ಯಾ ಮೊದಲೇ ಹೇಳಿದ್ದಳು. ನಾನು ಮೆನು ಕಾರ್ಡು ನೋಡಿದೆ. ಒಂದಕ್ಷರ ಅರ್ಥವಾಗಲಿಲ್ಲ, ಒಂದು ಕಡೆ ಮಾತ್ರ 'ಶಿರೊ' ಎಂದಿತ್ತು. "ಏ, ಇಲ್ಲಿ ಶಿರಾ ಸಿಗ್ತದ! ಮಂಗಲ ದಿವಸ, ಸಿಹಿಯಿಂದನ ಶುರು ಮಾಡೂಣು" ಎಂದು ಅದನ್ನೇ ಬೆರಳಿಟ್ಟು ತೋರಿಸಿದೆ. ಉಳಿದದ್ದು ನಿಮ್ಮಿಷ್ಟ ಎಂದು ಕೈಸನ್ನೆ ಮಾಡಿದೆ.

ಬಂದದ್ದು ಬುಟ್ಟಿಯಗಲದ ಒಂದೇ ತಾಟು. ಅದರ ತುಂಬ ಕಂದುಬಣ್ಣದ, ತೂತುತೂತಾದ, ಮೆತ್ತಗಿನ ದೋಸೆಯಂಥದು ಹಾಸಿತ್ತು. ಮೇಲೆ ಕೆಂಪು ಬೇಳೆ, ಸೊಪ್ಪು, ಕೋಸು-ಗಜ್ಜರಿ ಪಲ್ಯ, ನಟ್ಟನಡುವೆ ಕುದಿಯುತ್ತಿದ್ದ ಕೆಂಪನೆಯ ಗಟ್ಟಿ ಸಾರು. ಅದೇ ಶಿರೊ. ನಾನು ಸಿಹಿಯೆಂದು ಧಾರಾಳವಾಗಿ ಬಾಯಿಗಿಟ್ಟೆ. ಕಿವಿಯಿಂದ ಹೊಗೆ ಬಂತು. ಸುಮಿತ್ರಾ ನಾಲಿಗೆ ತುದಿಗೆ ಮುಟ್ಟಿಸಿ, "ರೀ, ಇದು ಕಡ್ಲಿಹಿಟ್ಟಿಂದು! ನಮ್ಮ ಝುಣಕಾ!" ಎಂದು ಸಂಭ್ರಮಪಟ್ಟಳು.

"ಇನ್ನೊಂದು ತಾಟು ಎಲ್ಲಿ?" ಎಂದು ನಾನು ಸುತ್ತ ನೋಡಿದೆ. ಇನ್ನೊಂದು ಬರುವ ಲಕ್ಷಣವಿರಲಿಲ್ಲ. ಪಕ್ಕದ ಮೇಜಿನಲ್ಲಿ ಮೂವರು ಇಥಿಯೋಪಿಯಾದ ವಿದ್ಯಾರ್ಥಿನಿಯರು ಒಂದೇ ತಾಟಿಗೆ ಕೈ ಹಾಕಿದ್ದರು. "ಇಬ್ಬರು ಒಂದ ತಾಟಿನಾಗ? ಎಂಜಲಾಗೂದಿಲ್ಲೇನು?" ಎಂದೆ. ಸುಮಿತ್ರಾ ತಲೆ ಎತ್ತದೆ ಹೇಳಿದಳು: "ನೀವು ಉಂಡೆದ್ದ ತಾಟಿನಾಗನ ನಮ್ಮತ್ತಿ ನನಗ ಬಡಸ್ತಿದ್ರು. ಆವಾಗ ಎಂಜಲಾಗಲಿಲ್ಲ. ಈಗ ಕೂಡೇ ಉಂಡ್ರ ಆಗ್ತದ?"

ನಾನು ತಟ್ಟನೆ ಊಟದ ಮೇಲೆ ತಿರುಗಿದೆ. ಪರದೇಶದವರಿಗೆ ತಿಳಿಯುವುದಿಲ್ಲವೆಂಬ ಧೈರ್ಯದಿಂದ ಕನ್ನಡದಲ್ಲಿ, ದೊಡ್ಡ ದನಿಯಲ್ಲೇ ಶುರು ಮಾಡಿದೆ. "ಇದೇನಿದು, ತಾಟಿನಾಗ ಗೋಣಿಚೀಲ ಹಾಸ್ಯಾರ? ದ್ವಾಸಿ ಒಂದ ಮಗ್ಗಲ ಬೆಂದದ. ಹುಳಿ ನೋಡು, ಹಿಟ್ಟು ಮೂರು ದಿನದ್ದಿರಬೇಕು."

ಬೆನ್ನ ಹಿಂದಿನಿಂದ ಮೃದುವಾದ ದನಿ ಬಂತು. "ಮೂರಲ್ರಿ ಸಾಹೇಬ್ರ, ನಾಕು ದಿನದ್ದು."

ತಿರುಗಿ ನೋಡಿದೆ. ಅಲ್ಮಾಜ್ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಸುಮಿತ್ರಾ ಸೆರಗು ಬಾಯಿಗೊತ್ತಿಕೊಂಡಳು; ನಾಚಿಕೆಗೋ ನಗುವಿಗೋ ತಿಳಿಯಲಿಲ್ಲ. ನನ್ನ ಬಗ್ಗೆ ಹೇಳುವುದಾದರೆ, ಲಟ್ಟಣಿಗೆಯ ಅಜ್ಜಿಯೇ ಎಷ್ಟೋ ವಾಸಿ ಎನ್ನಿಸಿತು.

ಅಲ್ಮಾಜ್ ಸಿಟ್ಟಾಗಲಿಲ್ಲ. ಮಣೆ ಎಳೆದುಕೊಂಡು ಕೂತೇಬಿಟ್ಟಳು. ಅವಳ ಗಂಡ ಮೊದಲು ಧಾರವಾಡದಲ್ಲಿ ಒಕ್ಕಲುತನದ ಶಾಸ್ತ್ರ ಓದಿದವನು. ಅಲ್ಲಿ ಅವಳು ಐದು ವರ್ಷ ಇದ್ದಳು. ಈಗ ಅವನು ಪುಣೆಯಲ್ಲಿ ಸಂಶೋಧನೆಗೆ ಬಂದಿದ್ದ. ಆ ದೋಸೆಯ ಹೆಸರು ಇಂಜೆರಾ. ಅವರ ಕಡೆ ಸಾಸಿವೆಗಿಂತ ಸಣ್ಣ ಕಾಳಿನದು. ಅದು ಇಲ್ಲಿ ಸಾಲದ್ದರಿಂದ ರಾಗಿ ಕೂಡಿಸುತ್ತಾಳೆ. "ಧಾರವಾಡಕ್ಕ ಬಂದ ಹೊಸದಾಗಿ ಯಾರ ಮಾತೂ ತಿಳೀತಿರಲಿಲ್ರಿ" ಎಂದಳು. "ಇವರು ಮುಂಜಾನೆ ಹೋದ್ರ ಸಂಜೀಕ ಬರವರು. ನಾ ಖೋಲ್ಯಾಗ ಕೂತು ಅಳ್ತಿದ್ದೆ. ಊಟ ಬಿಟ್ಟಿದ್ದೆ. ಒಂದಿನ ಮನಿ ಮಾಲಕರ ಗಂಗಮ್ಮಜ್ಜಿ ತಾಟು ಹಿಡಕೊಂಡು ಬಂದಳು. ರೊಟ್ಟಿ ಮುರದು, ಬದನಿಕಾಯಿ ಹಚ್ಚಿ, ತನ್ನ ಕೈಲೆ ನನ್ನ ಬಾಯಾಗ ಇಟ್ಟಳು. ನಮ್ಮ ದೇಶದಾಗ ಅದಕ್ಕ ಗುರ್ಶಾ ಅಂತಾರ್ರಿ. ಪ್ರೀತಿ ಇದ್ದವರಿಗೆ ನಮ್ಮ ಕೈಲೆ ತುತ್ತು ಇಡೂದು. ಅಜ್ಜಿಗೆ ಆ ಹೆಸರು ಗೊತ್ತಿರಲಿಲ್ಲ. ಆದ್ರ ಅವತ್ತ ನನಗ ಅನ್ನಿಸ್ತು, ಈ ಊರಾಗ ಬದುಕಬಹುದು ಅಂತ."

ಸುಮಿತ್ರಾಳ ಕಣ್ಣು ತುಂಬಿತ್ತು. ಇವತ್ತು ನಮ್ಮ ಮದುವೆಯ ದಿನವೆಂದು ಅವಳು ಹೇಳಿದ್ದೇ ತಡ, ಅಲ್ಮಾಜ್ ನನ್ನ ಕಡೆ ತಿರುಗಿದಳು. "ಹಂಗಾದ್ರ ಸಾಹೇಬ್ರ, ಇಡ್ರಿ ನಿಮ್ಮ ಮನಿಯವರಿಗೆ ಒಂದು ಗುರ್ಶಾ."

ಹೆಂಡತಿಯ ಬಾಯಿಗೆ ನಾನು ತುತ್ತಿಟ್ಟದ್ದು ಇಪ್ಪತ್ತೈದು ವರ್ಷದ ಹಿಂದೆ, ಭೂಮದ ಊಟದ ದಿನ. ಅಂದೂ ಲಾಡು ಇಡುತ್ತ, "ಏಲಕ್ಕಿ ಕಮ್ಮಿ ಆಗೇದ" ಎಂದು ಪಕ್ಕದ ಗೆಳೆಯನಿಗೆ ಹೇಳಿದ್ದೆನೆಂದು ಸುಮಿತ್ರಾ ಆಗಾಗ ನೆನಪಿಸುತ್ತಾಳೆ. ಪಕ್ಕದ ಮೇಜಿನ ಹುಡುಗಿಯರು ಊಟ ಬಿಟ್ಟು ನೋಡತೊಡಗಿದರು. ನಾನು ಇಂಜೆರಾ ಹರಿದು ಸ್ವಲ್ಪ ಬೇಳೆ ಸುತ್ತಿ, ಕೂಸಿಗೆ ಔಷಧಿ ಹಾಕುವಷ್ಟು ಮಾಡಿದೆ. "ತುತ್ತು ಸಣ್ಣದಾದ್ರ ಪ್ರೀತಿನೂ ಸಣ್ಣದು ಅಂತಾರ್ರಿ" ಎಂದಳು ಅಲ್ಮಾಜ್. ಮತ್ತಷ್ಟು ಸೊಪ್ಪು ಸೇರಿಸಿ ನಿಂಬೆಹಣ್ಣಿನಷ್ಟು ಮಾಡಿ ಇಟ್ಟೆ. ಸುಮಿತ್ರಾ ಕಣ್ಣು ಮುಚ್ಚಿ ಅಗಿದಳು. ನಾನು ಕಾದೆ. ಅಡುಗೆ ನನ್ನದಲ್ಲ, ಸುತ್ತಿದ ಕೈಯಷ್ಟೇ ನನ್ನದು. ಆದರೂ ನನ್ನ ಬಾಯಿಂದ, "ಹ್ಯಾಂಗಾಗೇದ?" ಎಂಬ ಮಾತು ಹೊರಟೇಬಿಟ್ಟಿತು.

"ಚಲೋ ಆಗೇದ" ಎಂದಳು.

ನಾನು ಮುಂದಿನ ಮಾತಿಗೆ ಕಾದೆ. ಮುಂದೇನೂ ಬರಲಿಲ್ಲ. ಅಷ್ಟೇ ಇತ್ತು ಆ ಮಾತು.

ಆಮೇಲೆ ಅವಳ ಸರದಿ. ಅವಳು ತುತ್ತು ಕಟ್ಟಿದ್ದು ಟೆನಿಸ್ ಚೆಂಡಿನಷ್ಟು. ನನ್ನ ಬಾಯಿಗೆ ಒತ್ತಿದಾಗ ಎರಡೂ ಗಲ್ಲ ಉಬ್ಬಿ, ಉಸಿರಿಗೆ ಮೂಗೊಂದೇ ಉಳಿಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಅಗಿಯುತ್ತ ಕೂತೆ, ಅವರಿಬ್ಬರೂ ಮಾತಿಗಿಳಿದರು. ಉಪ್ಪು ಖಾರ ಸರಿಯಾಗಿದೆಯೇ ಎಂದು ಅಲ್ಮಾಜ್ ಕೇಳಿದಳು.

"ಭಾಳ ಹದಾ ಅದರಿ" ಎಂದಳು ಸುಮಿತ್ರಾ. "ಉಪ್ಪು ಸರಿಯಾಗಿ ಹಾಕಿದ ಊಟ ಉಂಡು ನನಗ ನಾಕು ವರ್ಷಾತು. ಇವರ ರಿಪೋರ್ಟ್ ತರಲಿಕ್ಕೆ ಹೋದಾಗ ಡಾಕ್ಟರು ಹೇಳಿದ್ರು, ಬಿ.ಪಿ. ಅದ, ಉಪ್ಪು ಇಳಸ್ರಿ ಅಂತ. ಇವರಿಗೆ ಹೇಳಿದ್ರ ಸಪ್ಪನ ಊಟ ಅಂತ ತಾಟು ಬಿಟ್ಟು ಏಳ್ತಾರ. ಅದಕ್ಕ, ಮರತೆರಿ, ಕೈತಪ್ಪಿ ಕಮ್ಮಿ ಬಿತ್ತು ಅಂತೀನಿ. ದಿನಾ ಬೈಸ್ಕೋತೀನಿ. ಬೈದ್ರ ಬೈಯಲಿ. ಉಂಡು ಏಳ್ತಾರಲ್ಲ, ಸಾಕು."

ಮಾತ್ರೆ ಕೊಡುವಾಗ ಅವಳು ಶಕ್ತಿಗೆ ಎಂದು ಹೇಳುತ್ತಿದ್ದಳು. ಸಾರಿಗೆ ಉಪ್ಪು ಕಮ್ಮಿಯೆಂದು ನಾನು ನಾಲ್ಕು ವರ್ಷ, ದಿನಕ್ಕೆ ಎರಡು ಹೊತ್ತು ಹೇಳಿದ್ದೆ. "ಇಪ್ಪತ್ತು ವರ್ಷ ಅಡಿಗಿ ಮಾಡಿದಾಕಿಗೆ ಉಪ್ಪಿನ ಹದಾ ತಪ್ತದ ಅಂದ್ರ ಏನು ಹೇಳೂದು?" ಎಂದು ನೆಂಟರ ಮುಂದೆಯೂ ಹಂಗಿಸಿದ್ದೆ. ಅವಳು ತಲೆ ತಗ್ಗಿಸಿ ಒಳಗೆ ಹೋಗಿದ್ದಳು. ಈಗ ಏನಾದರೂ ಅನ್ನಬೇಕೆಂದರೆ ಬಾಯಲ್ಲಿ ಆ ತುತ್ತು. ಕಣ್ಣಲ್ಲಿ ನೀರು ಬಂತು. ಅಲ್ಮಾಜ್ ನೋಡಿ, "ಖಾರ ಹತ್ತಿತೇನ್ರಿ?" ಎಂದು ನೀರು ಕೊಟ್ಟಳು. ಹೌದೆಂದು ತಲೆಯಾಡಿಸಿದೆ. ಆಮೇಲೆ ಅವಳು ನಮ್ಮೆದುರೇ ಕಾಫಿ ಬೀಜ ಹುರಿದು, ಕುಟ್ಟಿ, ಮೂರು ಸಲ ಸಣ್ಣ ಬಟ್ಟಲಲ್ಲಿ ಕೊಟ್ಟಳು. ಚಹಾದ ಮನುಷ್ಯ ನಾನು, ಮೂರೂ ಸಲ ಕುಡಿದೆ.

ಮರುದಿನ ಊಟಕ್ಕೆ ಕೂತವನು, "ಸಾರು ಭಾಳ ಚಲೋ ಆಗೇದ" ಎಂದು ನಿಲ್ಲಿಸಿದೆ. ಸುಮಿತ್ರಾ ಸ್ವಲ್ಪ ಹೊತ್ತು ಕಾದು, ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು. "ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಥರ್ಮಾಮೀಟರು ತಂದಳು. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೂ ಒಂದು ವಾರ ಅವಳಿಗೆ ನನ್ನ ಮೇಲೆ ಗುಮಾನಿಯಿತ್ತು.

ಮುಂದೆ ಎರಡು ವರ್ಷ ತಿಂಗಳಿಗೊಂದು ಶುಕ್ರವಾರ ನಾವು ಆ ಕಬ್ಬಿಣದ ಮೆಟ್ಟಿಲು ಹತ್ತಿದೆವು. ಅಲ್ಮಾಜ್ ಪುಣೆಯ ಅಂಚಿನ ವಾಕಡದಲ್ಲಿದ್ದ ನಮ್ಮ ಮನೆಗೂ ಬಂದು, ಸುಮಿತ್ರಾಳ ಪಕ್ಕ ಕೂತು ರೊಟ್ಟಿ ಬಡಿದಳು. ನನ್ನ ಹೆಂಡತಿ ಅಷ್ಟು ಜೋರಾಗಿ ನಗಬಲ್ಲಳೆಂದು ನನಗೆ ಗೊತ್ತಾದದ್ದು ಆಗ. ಆಮೇಲೆ ಅಲ್ಮಾಜ್‌ಳ ಗಂಡನಿಗೆ ತಮ್ಮ ದೇಶದಲ್ಲಿ ಕೆಲಸ ಸಿಕ್ಕಿ ಅವರು ಹೊರಟುಹೋದರು. ಮಾಳಿಗೆಯ ಮೇಲೆ ಈಗ ಟೈಪಿಂಗ್ ಕ್ಲಾಸು. ಧಾರವಾಡದ ಗಂಗಮ್ಮಜ್ಜಿಯನ್ನು ನಾನು ನೋಡಿಲ್ಲ, ಬದುಕಿದ್ದಾಳೋ ತಿಳಿಯದು. ಯಾವ ಊರಿನವಳೋ ಅಳುತ್ತ ಕೂತಾಗ ಆ ಅಜ್ಜಿ ಒಂದು ತಾಟು ಹಿಡಿದು ಹೋಗಿರದಿದ್ದರೆ ನನ್ನ ಸಂಸಾರದ ಸುದ್ದಿ ನನಗೇ ತಿಳಿಯುತ್ತಿರಲಿಲ್ಲವೆಂದು ನೆನೆದಾಗ, ಕೂತಲ್ಲೇ ಅವಳಿಗೊಂದು ನಮಸ್ಕಾರ ಹಾಕುತ್ತೇನೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸುಧಾರಿಸಿದ ಮನುಷ್ಯನೆಂದು ನೀವು ತಿಳಿಯುತ್ತಿದ್ದಿರಿ. ಒಂದು ಭಾನುವಾರ ಸುಮಿತ್ರಾ ನಿಜವಾಗಿಯೂ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ನಾನು ಅದೂ ನನ್ನ ಆರೋಗ್ಯಕ್ಕೇ ಇರಬೇಕೆಂದು ಭಕ್ತಿಯಿಂದ ಎರಡು ಸಲ ಹಾಕಿಸಿಕೊಂಡು ಉಂಡು, "ಭಾಳ ಚಲೋ ಆಗೇದ" ಎಂದೆ. ಆಮೇಲೆ ಅವಳು ಬಾಯಿಗಿಟ್ಟುಕೊಂಡಳು. "ರೀ, ಇದರಾಗ ಉಪ್ಪೇ ಇಲ್ಲ! ಹಂಗಾದ್ರ ಎರಡು ವರ್ಷ ನೀವು ಚಲೋ ಆಗೇದ ಅಂದದ್ದೆಲ್ಲಾ ಹಿಂಗನ ಏನು?" ನಾನು ಏನು ಹೇಳಿದರೂ ಅವಳು ನಂಬಲಿಲ್ಲ. ಕೊನೆಗೆ ತೀರ್ಪು ಕೊಟ್ಟಳು: "ನಾಳಿಂದ ಖರೇ ಹೇಳ್ರಿ. ಊಟಕ್ಕ ಒಂದ ತಪ್ಪು. ಎರಡನೇದು ಅಂದ್ರ ನೋಡ್ರಿ ಮತ್ತ."

ಹೀಗಾಗಿ ಈಗ ನನಗೆ ಊಟಕ್ಕೊಂದು ತಪ್ಪು ಹುಡುಕುವ ಪರವಾನಗಿಯಿದೆ. ಇರುವುದು ಒಂದೇ, ಸಾರಿಗೆ ಬಳಸಲೋ ಪಲ್ಯಕ್ಕೆ ಬಳಸಲೋ ಎಂದು ಯೋಚಿಸುತ್ತ ಉಣ್ಣುತ್ತೇನೆ. ಅಷ್ಟರಲ್ಲಿ ತಾಟು ಖಾಲಿಯಾಗಿರುತ್ತದೆ. "ಇವತ್ತಿಂದು ಹೇಳಲೇ ಇಲ್ಲಲ್ರಿ?" ಎನ್ನುತ್ತಾಳೆ ಸುಮಿತ್ರಾ. "ಇನ್ನೊಂದು ರೊಟ್ಟಿ ಹಾಕು, ಹೇಳ್ತೀನಿ" ಎನ್ನುತ್ತೇನೆ.