ಮೂರು ದಳ, ಒಂದು ಕಾಲು

ಬೇರೆ ಬೇರೆ ದಳಗಳಿಂದ ನಿವೃತ್ತರಾದ ಮೂವರು ಒಂದೇ ಬೆಂಚಿನ ಮೇಲೆ ಕೂತರೆ ಚಹಾ ಆರುವುದರೊಳಗೆ ಏನಾದರೊಂದು ಆಗಿಯೇ ತೀರುತ್ತದೆ. ನಮ್ಮ ಮೂವರ ಮಟ್ಟಿಗೆ ಇದು ಹನ್ನೊಂದು ವರ್ಷಗಳಿಂದ ಒಂದು ದಿನವೂ ತಪ್ಪಿಲ್ಲ.

ನಾನು ಭೂಸೇನೆಯ ಹವಾಲ್ದಾರ, ಮನೆ ಗಾಜಿಪುರ ಓಣಿಯಲ್ಲಿ. ಇನ್ನೊಬ್ಬ ನೌಕಾದಳದವ. ಹುಟ್ಟೂರು ಕಮಲಾಪುರ. ಸಮುದ್ರ ನೋಡಬೇಕಾದರೆ ಒಂದು ರಾತ್ರಿ, ಒಂದು ಹಗಲು ಪ್ರಯಾಣ ಮಾಡಬೇಕಾದ ಊರಿನಿಂದ ಹಡಗಿಗೆ ಹೋದ ಮಹಾನುಭಾವ. ಮೂರನೆಯವರು ಕೋಟೆಯ ಹತ್ತಿರದ ಖಾನ್ ಸಾಹೇಬರು, ವಾಯುದಳದಲ್ಲಿ ಮೆಕ್ಯಾನಿಕ್. ಇಪ್ಪತ್ತು ವರ್ಷ ವಿಮಾನಗಳ ಹೊಟ್ಟೆಯೊಳಗೆ ಕೈಹಾಕಿದವರು, ಆದರೆ ರಜೆಗೆ ಊರಿಗೆ ಬರುತ್ತಿದ್ದುದು ರೈಲಿನಲ್ಲಿ. ಸೇಡಂ ರಸ್ತೆಯಲ್ಲಿ ನಾವು ಕೂಡುವ ಚಹಾದಂಗಡಿಯವನು ನಮ್ಮನ್ನು ಮಣ್ಣು, ನೀರು, ಗಾಳಿ ಎಂದೇ ಕರೆಯುತ್ತಾನೆ. "ಮಣ್ಣಿಗೆ ಸಕ್ಕರಿ ಕಮ್ಮಿ, ಗಾಳಿಗೆ ಖಡಕ್" ಎಂದು ಒಳಗೆ ಕೂಗುತ್ತಾನೆ.

ಈಗ ಹೇಳುವುದೆಲ್ಲ ನನ್ನ ಬಲಗಾಲಿನ ಕಥೆ. ಅದು ಮುರಿದದ್ದು ಇವರಿಬ್ಬರಿಂದ, ಕೂಡಿದ್ದೂ ಇವರಿಬ್ಬರಿಂದ. ಲೆಕ್ಕ ಹಾಕಿದರೆ ನಾನೇ ಋಣಿ.

ಬುರುಜಿನ ಪಂತ

ಒಂದು ಭಾನುವಾರ ಬೆಳಿಗ್ಗೆ ಕೋಟೆಯೊಳಗೆ ತಿರುಗಾಡಲು ಹೋಗಿದ್ದೆವು. ದೊಡ್ಡ ಫಿರಂಗಿ ತೋಪು ಇರುವ ಬುರುಜಿನ ಮುಂದೆ ನಿಂತು ನೀರಿನವನು, "ಭೂಸೇನಾದವರಿಗೆ ವಯಸ್ಸಾಯ್ತು ಬಿಡ್ರಿ, ಈಗ ಮೆಟ್ಟಿಲಾ ನೋಡಿದ್ರ ಸಾಕು, ಕಣ್ಣಾಗ ನೀರು ಬರ್ತಾವ" ಎಂದ. ಹಿಮದ ಗುಡ್ಡದಲ್ಲಿ ಎರಡು ಚಳಿಗಾಲ ಕಳೆದವನಿಗೆ ಈ ಮಾತೇ? ಯಾರು ಮೊದಲು ಮೇಲಿನ ಮೆಟ್ಟಿಲು ಮುಟ್ಟುತ್ತಾರೆಂದು ಪಂತ ಆಯಿತು. ಮೂವರೂ ಓಡಿದೆವು. ನಾನೇ ಮೊದಲು ಮುಟ್ಟಿದೆ.

ಮುಟ್ಟಿದವನು ಸುಮ್ಮನಿರಬೇಕಿತ್ತು. ತಿರುಗಿ ನಿಂತು ಕೆಳಗಿನವರಿಬ್ಬರಿಗೂ ಕೈ ಬೀಸಿದೆ. ಕಾಲು ಜಾರಿತು. ಗೆದ್ದವನು ಸೋತವರ ಪಾದದ ಹತ್ತಿರ ಬಂದು ಬಿದ್ದೆ.

ಖಾನ್ ಸಾಹೇಬರು ಓಡಿ ಆಟೋ ತಂದರು. ಅದನ್ನು ಬುರುಜಿನ ಬುಡಕ್ಕೆ ಹಿಂದಕ್ಕೆ ತರಿಸಲು, ರನ್‌ವೇ ಮೇಲೆ ವಿಮಾನಕ್ಕೆ ತೋರಿಸುವಂತೆ ಎರಡೂ ಕೈ ಮೇಲೆತ್ತಿ ಸನ್ನೆ ಮಾಡತೊಡಗಿದರು. ಆಟೋದವನು ಗಾಬರಿಯಾಗಿ ಎಂಜಿನ್ ಬಂದ್ ಮಾಡಿ, ಕೆಳಗಿಳಿದು, ತಾನೂ ಎರಡೂ ಕೈ ಮೇಲೆತ್ತಿ ನಿಂತ.

ಗಂಟು

ಆ ಹೊತ್ತಿಗೆ ನೀರಿನವನು ನನ್ನ ಕಾಲಿಗೆ ತನ್ನ ಕೊಡೆ ಆಸರೆ ಕೊಟ್ಟು, ಎರಡು ಟವೆಲ್ ಸೀಳಿ ನಾಲ್ಕು ಗಂಟು ಹಾಕಿ ಬಿಗಿದಿದ್ದ. ದವಾಖಾನೆಯಲ್ಲಿ ಸಿಸ್ಟರ್ ಗಂಟು ಬಿಚ್ಚಲು ನೋಡಿದಳು, ಆಗಲಿಲ್ಲ. ಕಂಪೌಂಡರ್ ನೋಡಿದ, ಆಗಲಿಲ್ಲ. ಡಾಕ್ಟರು ಕತ್ತರಿ ತೆಗೆದುಕೊಂಡರು.

"ಕತ್ತರಿ ಹಚ್ಚಬ್ಯಾಡ್ರಿ," ನೀರಿನವನು ಅಡ್ಡ ನಿಂತ. "ಇದು ಹಡಗಿನ ಗಂಟು. ಕತ್ತರಿಸಿದ್ರ ನೌಕಾದಳಕ್ಕ ಅವಮಾನ."

"ಮತ್ತ ನೀವೇ ಬಿಚ್ರಿ," ಡಾಕ್ಟರೆಂದರು.

ಅವನು ಒಂದೇ ಬೆರಳಿನಿಂದ ಒಂದು ತುದಿ ಎಳೆದ. ನಾಲ್ಕೂ ಗಂಟು ಬಿಚ್ಚಿಕೊಂಡು ಬಿದ್ದವು. ಡಾಕ್ಟರಿಗೆ ನನ್ನ ಕಾಲು ಮರೆತೇಹೋಯಿತು. "ಇನ್ನೊಮ್ಮೆ ಕಟ್ಟಿ ತೋರಿಸ್ರಿ" ಎಂದರು. ನಾನು ಹಲ್ಲು ಕಚ್ಚಿ ಮಲಗಿದ್ದೆ. ಅವನು ಅದೇ ಮುರಿದ ಕಾಲಿಗೆ ಇನ್ನೊಮ್ಮೆ ಕಟ್ಟಿ ತೋರಿಸಿದ.

ಎಲುಬು ಎರಡು ಕಡೆ ಮುರಿದಿತ್ತು. ಆಪರೇಶನ್ ಮಾಡಿ ಒಳಗೆ ಲೋಹದ ಪಟ್ಟಿ ಕೂರಿಸಿದರು. ನನ್ನ ಎದೆ ಒಡೆದದ್ದು ಅದಕ್ಕಲ್ಲ. ಇನ್ನು ನಾಲ್ಕೇ ತಿಂಗಳಿಗೆ ಕಮಲಾಪುರದಲ್ಲಿ ನನ್ನ ಒಬ್ಬಳೇ ಮಗಳ ಮದುವೆ. ಸಣ್ಣವಳಿದ್ದಾಗ ಅವಳ ಯಾವ ಹಬ್ಬಕ್ಕೂ, ಯಾವ ಶಾಲೆಯ ಸಮಾರಂಭಕ್ಕೂ ನಾನು ಊರಲ್ಲಿ ಇರಲಿಲ್ಲ. ಮಂಚದ ಹತ್ತಿರ ಕೂತು ಅವಳು ಒಂದೇ ಮಾತು ಕೇಳಿದಳು: "ಅಪ್ಪಾ, ಮಂಟಪಕ್ಕ ನೀ ನಡಕೋತ ಬರಬೇಕು. ಕುರ್ಚಿ ಬ್ಯಾಡ, ಕೋಲು ಬ್ಯಾಡ, ಯಾರ ಕೈಯೂ ಬ್ಯಾಡ." ನಾನು ಹೂಂ ಎಂದುಬಿಟ್ಟೆ. ಡಾಕ್ಟರು ಮಾತ್ರ ಹೂಂ ಅನ್ನಲಿಲ್ಲ.

ಸಹಿ ಇಲ್ಲದೆ ಹೊರಡುವಂತಿಲ್ಲ

ಮನೆಗೆ ವಾಕರ್ ಬಂತು. ಮರುದಿನ ಬೆಳಿಗ್ಗೆ ಖಾನ್ ಸಾಹೇಬರು ಒಂದು ನೋಟುಬುಕ್ಕು, ಒಂದು ಸ್ಕ್ರೂಡ್ರೈವರ್ ಹಿಡಿದು ಬಂದರು. ವಾಯುದಳದಲ್ಲಿ ಮೆಕ್ಯಾನಿಕ್ ನೋಡಿ ಸಹಿ ಹಾಕದೆ ವಿಮಾನ ಇಂಚು ಸಹ ಮುಂದೆ ಹೋಗುವುದಿಲ್ಲವಂತೆ. ಅಂದಿನಿಂದ ವಾಕರಿಗೂ ಅದೇ ಕಾನೂನು. ದಿನಾ ಬೆಳಿಗ್ಗೆ ನಾಲ್ಕೂ ಕಾಲಿನ ರಬ್ಬರು, ಎಂಟೂ ತಿರುಪು ನೋಡಿ, ಬರೆದು, ಸಹಿ ಹಾಕಿ, "ಕ್ಲಿಯರ್" ಅಂದ ಮೇಲೆಯೇ ನಾನು ಏಳಬೇಕು.

ಒಂದು ದಿನ ಒಂದು ರಬ್ಬರು ಸವೆದಿತ್ತು. "ಆಜ್ ಉಡಾನ್ ಬಂದ್, ಇವತ್ತು ಹಾರೂದಿಲ್ಲ," ಎಂದರು. "ಹೊಸಾ ರಬ್ಬರ್ ತರ್ತೀನಿ, ಅಲ್ಲೀತನ ನೀವು ಹಂಗೇ ಇರ್ರಿ." ಸೈಕಲ್ಲೇರಿ ಸೂಪರ್ ಮಾರ್ಕೆಟ್ ಪೇಟೆಗೆ ಹೊರಟೇಬಿಟ್ಟರು. ವಾಕರನ್ನೂ ಸಂಗಡ ಒಯ್ದರು, ಅಳತೆಗೆ.

ಅರ್ಧ ತಾಸಿನ ಮೇಲೆ ಬಂದು, ರಬ್ಬರು ಕೂರಿಸಿ, ಅಲುಗಾಡಿಸಿ ನೋಡಿ, ಸಹಿ ಹಾಕಿ, "ಈಗ ಹೇಳ್ರಿ ಜನಾಬ್, ಎಲ್ಲಿಗೆ ಹೊಂಟಿದ್ರಿ?" ಎಂದು ಕೇಳಿದರು.

"ಪಾಯಖಾನೆಗೆ" ಎಂದೆ.

ನಗುತ್ತೇನೆ ನಿಜ. ಆದರೆ ವಾಕರ್ ಇದ್ದಷ್ಟು ಕಾಲ ಆ ಮನುಷ್ಯ ಒಂದು ದಿನ ತಪ್ಪಿಸಲಿಲ್ಲ. ರೋಜಾ ತಿಂಗಳಲ್ಲಿ ಬಾಯಿಗೆ ಹನಿ ನೀರಿಲ್ಲದೆ ಬಂದು, ನನ್ನ ವಾಕರಿನ ಮುಂದೆ ಮೊಣಕಾಲೂರಿ ಕೂತು ತಿರುಪು ತಿರುವಿದ. ನನ್ನ ಒಡಹುಟ್ಟಿದವರು ಫೋನಿನಲ್ಲಿ ಕೇಳಿದರು, ಅಷ್ಟೇ.

ಮೂರು ಸೆಲ್ಯೂಟು

ಮೂರನೇ ತಿಂಗಳಿಗೆ ವಾಕರ್ ಹೋಗಿ ಕೋಲು ಬಂತು. ಕೋಲೂರಿಕೊಂಡು ಮೊದಲ ಸಲ ಸೇಡಂ ರಸ್ತೆಯ ಚಹಾದಂಗಡಿಗೆ ಹೋದ ದಿನ ಅಂಗಡಿಯವನಿಗೆ ಬಹಳ ಸಂತೋಷ ಆಯಿತು. "ಮೂರೂ ಮಂದಿ ಸೆಲ್ಯೂಟ್ ಹೊಡೀರಿ, ಫೋಟೋ ತೆಗೆದು ಗೋಡಿಗೆ ಹಾಕ್ತೀನಿ" ಎಂದ. ಕೋಲನ್ನು ಗೋಡೆಗೆ ಒರಗಿಸಿ ನಿಂತೆ. ಮೂವರೂ ಸೆಲ್ಯೂಟ್ ಹೊಡೆದೆವು.

ಅಂಗಡಿಯವನು ಮೊಬೈಲ್ ಕೆಳಗಿಳಿಸಿದ. "ಒಂದೇ ನಮೂನಿ ಹಿಡೀರಿ. ಒಬ್ಬರ ಅಂಗೈ ಕಾಣ್ತದ, ಒಬ್ಬರದು ಕಾಣೂದಿಲ್ಲ, ಒಬ್ಬರದು ಅರ್ಧಮರ್ಧ ಅದ."

ಅವನಿಗೇನು ಗೊತ್ತು? ಭೂಸೇನೆಯವರದು ಅಂಗೈ ಎದುರಿಗೆ, ನೌಕಾದಳದವರದು ನೆಲದ ಕಡೆಗೆ, ವಾಯುದಳದವರದು ನಡುವೆ ಓರೆಯಾಗಿ. "ನಮ್ಮ ಕೈ ಸ್ವಚ್ಛ ಅದ, ತೋರಸ್ತೀವಿ," ನಾನೆಂದೆ. "ಹಡಗಿನವರದು ಡಾಂಬರು ಹತ್ತಿದ ಕೈ, ಮುಚ್ಚಿಟ್ಕೋತಾರ."

"ಡಾಂಬರು ದುಡಿದವರ ಕೈಗೆ ಹತ್ತತದ," ನೀರಿನವನೆಂದ. "ನೀವು ಅಂಗೈ ತೋರ್ಸೂದು ನೋಡಿದ್ರ, ಏನರೆ ಕೊಡ್ರಿ ಅಂತ ಕೇಳಿದಂಗ ಕಾಣ್ತದ."

"ಹಮಾರಾ ದೇಖೋ, ನಮ್ದು ನೋಡ್ರಿ," ಖಾನ್ ಸಾಹೇಬರು ನಡುವೆ ಬಂದರು. "ಕೈ ಟೇಕಾಫ್ ಆಗಾಕತ್ತದ."

"ಆಗಾಕತ್ತದ, ಆಗಾಕತ್ತದ. ನೀವು ಮಾತ್ರ ನೆಲದ ಮ್ಯಾಲೆ," ಎಂದು ನಾವಿಬ್ಬರೂ ಒಟ್ಟಿಗೆ ಅಂದೆವು.

ಯಾರೂ ಕೈ ತಿರುವಲಿಲ್ಲ. ಜಗಳ ಬೆಳೆಯಿತು. ಚಹಾ ಕುಡಿಯಲು ಬಂದವರು ಮೂರು ಪಕ್ಷವಾದರು. ಕೊನೆಗೆ ಅಂಗಡಿಯವನೇ ಗಡಿಯಾರ ನೋಡಿ ಹೇಳಿದ: "ಮಣ್ಣಿನವರೇ, ಡಾಕ್ಟರು ಕೋಲಿಲ್ಲದೆ ಎಷ್ಟೊತ್ತು ನಿಲ್ಲಬೇಕಂತ ಹೇಳ್ಯಾರ?"

"ಹತ್ತು ನಿಮಿಷ."

"ನಲವತ್ತು ನಿಮಿಷ ಆಯ್ತು. ನಾಳೆನೂ ಬಂದು ಜಗಳಾಡ್ರಿ, ಚಹಾ ನಂದು."

ಕಮಲಾಪುರದ ಮಂಟಪ

ಮದುವೆಯ ದಿನ ಬಂತು. ವರ ಕಮಲಾಪುರದ ಹೈಸ್ಕೂಲ್ ಮಾಸ್ತರ, ನೀರಿನವನು ತನ್ನ ಓಣಿಯಲ್ಲೇ ಹುಡುಕಿಕೊಟ್ಟ ಸಂಬಂಧ. ಬೀಗರು ನಮ್ಮ ಮೂವರಿಗೂ ಒಂದೇ ಬಣ್ಣದ ಕೇಸರಿ ರುಮಾಲು ಸುತ್ತಿಸಿದರು. ಮೂವರ ಕೋಟಿನ ಮೇಲೂ ಪದಕಗಳಿದ್ದವು. ಹಿಂದಿನಿಂದ ನೋಡಿದರೆ ನನಗೇ ನಾನು ಯಾರೆಂದು ಗುರುತು ಸಿಗುತ್ತಿರಲಿಲ್ಲ.

ಛತ್ರದ ಬಾಗಿಲಿನಿಂದ ಮಂಟಪಕ್ಕೆ ಅರವತ್ತು ಹೆಜ್ಜೆ, ಆಮೇಲೆ ಐದು ಮೆಟ್ಟಿಲು. ಹಿಂದಿನ ದಿನವೇ ಖಾನ್ ಸಾಹೇಬರು ಅಳೆದು ಬಂದಿದ್ದರು. ಮಗಳ ಮಾತಿನಂತೆ ಯಾರೂ ನನ್ನನ್ನು ಮುಟ್ಟುವಂತಿಲ್ಲ. ಬಲಗಡೆ ಯಾರು ನಡೆಯಬೇಕೆಂದು ಇಬ್ಬರೂ ಎರಡು ದಿನ ಜಗಳಾಡಿ, ಕೊನೆಗೆ ಮುರಿದ ಕಾಲಿನ ಕಡೆ ವಾಯುದಳ, ಎಡಕ್ಕೆ ನೌಕಾದಳ ಎಂದು ತೀರ್ಮಾನಿಸಿದ್ದರು.

ಕೋಲನ್ನು ಹೆಂಡತಿಯ ಕೈಗೆ ಕೊಟ್ಟೆ. ಎಡಗಾಲು ಮುಂದಿಟ್ಟೆ. ಮೂವರ ಎಡಗಾಲೂ ಒಟ್ಟಿಗೇ ಬಿದ್ದವು. ವಾದ್ಯದವರು ಊದುತ್ತಿದ್ದರೂ ನನಗೆ ನಮ್ಮ ಹೆಜ್ಜೆಯ ಸಪ್ಪಳವೊಂದೇ ಕೇಳುತ್ತಿತ್ತು. ಮೇಲೆ ಮಗಳು ಬಾಸಿಂಗದ ಕೆಳಗಿನಿಂದ ನನ್ನ ಕಾಲನ್ನೇ ನೋಡುತ್ತಿದ್ದಳು.

ಎರಡು ಮೆಟ್ಟಿಲು ಏರಿದೆ. ಮೂರನೆಯದಕ್ಕೆ ಬಲಗಡೆಯಿಂದ ಒಂದು ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯಿತು. ಸಿಟ್ಟಿನಿಂದ ತಿರುಗಿದೆ. ಖಾನ್ ಸಾಹೇಬರು ನನಗೆ ಆಸರೆ ಕೊಡುತ್ತಿರಲಿಲ್ಲ, ತೆಗೆದುಕೊಳ್ಳುತ್ತಿದ್ದರು. ಕಣ್ಣಿನ ತುಂಬ ನೀರು, ಮೆಟ್ಟಿಲೇ ಕಾಣುತ್ತಿರಲಿಲ್ಲ. ಎಡವಿ, ನನಗೆ ಜೋತುಬಿದ್ದು ಕುಂಟುತ್ತ ಮೇಲೆ ಬಂದರು. ಈ ಇಬ್ಬರನ್ನು ನನಗೆ ಕೊಟ್ಟ ದೇವರಿಗೆ ಅಲ್ಲೇ ಮನಸ್ಸಿನಲ್ಲಿ ಕೈ ಮುಗಿದೆ.

ಮೇಲೆ ವರನ ಅಜ್ಜಿ ಕಾಯುತ್ತಿದ್ದಳು. ವಯಸ್ಸಾದವಳು, ನಿಶ್ಚಯಕ್ಕೆ ಬಂದಿರಲಿಲ್ಲ. ಹೆಣ್ಣಿನ ತಂದೆಗೆ ಕಾಲು ಮುರಿದು ಆಪರೇಶನ್ ಆಗಿದೆ ಎಂದಷ್ಟೇ ಕೇಳಿದ್ದಳು. ಕುಂಟುತ್ತ ಬಂದ ಖಾನ್ ಸಾಹೇಬರನ್ನು ಕಂಡದ್ದೇ ಒಂದು ಕುರ್ಚಿ ಎಳೆದು ಅವರ ಹಿಂದೆ ಇಟ್ಟಳು.

"ಕೂಡ್ರಿ ಬೀಗರೇ. ಮಗಳ ಸಲುವಾಗಿ ಈ ಕಾಲಾಗ ನಡಕೋತ ಬಂದೀರಿ, ನಿಮ್ಮ ಹೊಟ್ಟಿ ತಣ್ಣಗಿರಲಿ."

ಖಾನ್ ಸಾಹೇಬರು ಕಣ್ಣೊರೆಸಿಕೊಂಡರು. ಕೂತುಬಿಟ್ಟರು. ಅಜ್ಜಿ ಅವರ ಮೊಣಕಾಲು ಒತ್ತಿ ನೋಡಿದಳು. "ಭಾಳ ನೋಯ್ತದೇನ್ರೀ?"

"ಈಗ ಜರಾ ಕಮ್ಮಿ ಅದ ಅಮ್ಮಾ" ಎಂದರು ಆ ಪುಣ್ಯಾತ್ಮ. ನೀರಿನವನು ರುಮಾಲಿನ ಸೆರಗನ್ನು ಬಾಯಿಗೆ ತುರುಕಿಕೊಂಡು ಆಚೆ ತಿರುಗಿದ.

ಅಜ್ಜಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ನೀವು ಗಟ್ಟಿಮುಟ್ಟಾಗಿ ಅದೀರಿ. ಕುರ್ಚಿ ಅಲುಗಾಡ್ತದ, ಹಿಂದ ಹಿಡಕೊಂಡು ನಿಲ್ರಿ." ಹಿಡಿದುಕೊಂಡು ನಿಂತೆ. ಹವಾಲ್ದಾರನಿಗೆ ಆಜ್ಞೆ ಅಂದರೆ ಆಜ್ಞೆ.

ಅಷ್ಟರಲ್ಲಿ ಮದುವೆ ಮಾಡಿಸುವ ಐನೋರು ಕರೆದರು, "ಹೆಣ್ಣಿನ ತಂದೆ ಧಾರಿ ಎರೀಲಿಕ್ಕ ಬರ್ರಿ." ನಾನು ಕುರ್ಚಿ ಬಿಟ್ಟು ಸರಸರನೆ ಮುಂದೆ ಹೊರಟೆ. ಅಜ್ಜಿ ಹಿಂದಿನಿಂದ ನನ್ನ ಕೋಟು ಹಿಡಿದು ಎಳೆದಳು.

"ನೀವೆಲ್ಲಿ ಹೊಂಟ್ರಿ? ಅವರು ಕರದದ್ದು ಕಾಲು ಮುರದವರಿಗೆ."