ಪತ್ತನಾಜೆ ಕಳೆದ ಮೇಲಿನ ಬ್ಯಾಂಡೇಜು

ಎಲ್ಲಕ್ಕೂ ಮೂಲ ಮ್ಯಾಕ್ಸಿಮ್ ಸರ್ ಮಾಡಿದ ಒಂದು ನಿಯಮ. ಮಿಲಿಟರಿಯಲ್ಲಿದ್ದು ಬಂದು, ವ್ಯಾಯಾಮ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪ್ರಥಮ ಚಿಕಿತ್ಸೆ ಮತ್ತು ಆರೋಗ್ಯ ಪಾಠ ಕಲಿಸುತ್ತಿದ್ದ ಅವರಿಗೆ, ಮೇಜಿನ ಬಳಿ ಕಟ್ಟಿ ಅಲ್ಲಿಯೇ ಬಿಚ್ಚುವ ಬ್ಯಾಂಡೇಜಿನಲ್ಲಿ ನಂಬಿಕೆ ಇರಲಿಲ್ಲ.

"ಹಳ್ಳಿಯ ಮೈದಾನದಲ್ಲಿ ಹುಡುಗ ಬಿದ್ದು ಕೈ ಮುರಿದುಕೊಂಡ ಅಂತ ಇಟ್ಟುಕೊಳ್ಳಿ. ಬಸ್ಸು ಹಿಡಿದು ಆಸ್ಪತ್ರೆಗೆ ಮುಟ್ಟುವಾಗ ಹೊತ್ತು ಕಂತುತ್ತದೆ. ಬೆಳಿಗ್ಗೆ ಕಟ್ಟಿದ್ದು ಸಂಜೆವರೆಗೆ ನಿಂತರೆ ಪಾಸ್. ಜಾರಿದರೆ ಮುಂದಿನ ವರ್ಷ ಬನ್ನಿ."

ಹಾಗೆ ಕೊನೆಯ ಪರೀಕ್ಷೆಗೆ ಜೋಡಿಗಳಾದವು. ಒಂದು ದಿನ ಒಬ್ಬ ಕಟ್ಟುವವ, ಇನ್ನೊಬ್ಬ ರೋಗಿ, ಮರುದಿನ ಅದಲುಬದಲು. ಗಂಟಿನ ಮೇಲೆ ಸರ್ ನೇರಳೆ ಶಾಯಿಯಲ್ಲಿ ಸಹಿ ಹಾಕುವುದು, ರೋಗಿ ಊರೆಲ್ಲ ಸುತ್ತಿ ಸಂಜೆ ಬಂದು ತೋರಿಸುವುದು.

ಲೋಕಯ್ಯನ ಜೋಡಿ ಬಂದರಿನ ಕಡೆಯ ಅಯ್ಯೂಬ್. ಅಯ್ಯೂಬನಿಗೆ ಮೀಸೆ ಈಗಷ್ಟೆ ಚಿಗುರಿತ್ತು. ಲೋಕಯ್ಯನ ಮೀಸೆ ಅದಾಗಲೇ ನರೆಯತೊಡಗಿತ್ತು. ವಾಮಂಜೂರಿನ ಶಾಲೆಯಲ್ಲಿ ಅವನು ತಾತ್ಕಾಲಿಕ ಡ್ರಿಲ್ ಮಾಸ್ಟರ್. ಈ ಪರೀಕ್ಷೆಯಲ್ಲಿ ಎರಡು ಸಲ ಬಿದ್ದವನು. ಒಮ್ಮೆ ಕಟ್ಟಿದ್ದು ಸಡಿಲವಾಗಿ, ಇನ್ನೊಮ್ಮೆ ರೋಗಿ ತಲೆ ತಿರುಗಿ ಕೂರುವಷ್ಟು ಬಿಗಿಯಾಗಿ. "ಶಾಲೆ ಬಾಗಿಲು ತೆರೆಯುವಾಗ ಸರ್ಟಿಫಿಕೇಟು ತನ್ನಿ, ಇಲ್ಲದಿದ್ದರೆ ಬೇರೆಯವರು ಬರ್ತಾರೆ," ಎಂದು ಹೆಡ್‌ಮಾಸ್ಟರು ಬೇಸಿಗೆ ರಜೆಗೆ ಮೊದಲೇ ಹೇಳಿ ಕಳಿಸಿದ್ದರು. ಎರಡು ಸಲ ಬಿದ್ದ ಭಯದಲ್ಲಿ ಲೋಕಯ್ಯ ಮೊದಲೇ ವರ್ಷವಿಡೀ ಗಂಟು ಕಲಿತಿದ್ದ. ಮಂಚದ ಕಾಲಿಗೆ ಕಟ್ಟಿದ, ಬಾಳೆಗಿಡಕ್ಕೆ ಕಟ್ಟಿದ, ಒಮ್ಮೆ ಅನ್ನದ ಚರಿಗೆಗೂ ಕಟ್ಟಿದ. ಈಗ ಕಣ್ಣು ಮುಚ್ಚಿ ಕಟ್ಟಬಲ್ಲ. ನಾಳೆ ಅವನ ಸರದಿ. ಇವತ್ತು ಅವನು ಬರೀ ರೋಗಿ.

ಅಯ್ಯೂಬ್ ಅವನ ಬಲಗೈಯನ್ನು ಮರದ ಪಟ್ಟಿಗಳ ನಡುವೆ ಇಟ್ಟು ಸುತ್ತಿ, ಕೊರಳಿಗೆ ಜೋಲಿ ತೂಗಿ, ಭುಜದ ಮೇಲೆ ಗಂಟು ಹಾಕಿದ. ಸರ್ ಸಹಿ ಹಾಕಿದರು.

"ಲೋಕಯ್ಯಣ್ಣ, ನನ್ನ ಮಾನ ನಿಮ್ಮ ಭುಜದ ಮೇಲೆ ಉಂಟು," ಎಂದ ಅಯ್ಯೂಬ್. "ಯಾರಿಗೂ ಗಂಟು ಮುಟ್ಟಲಿಕ್ಕೆ ಬಿಡಬೇಡಿ."

"ಮನೆಗೆ ಹೋಗಿ ಮಲಗ್ತೇನೆ ಮಾರಾಯ. ಎಂತ ಆಗ್ತದೆ."

ದೇವರು ಮನುಷ್ಯನಿಗೆ ಮಲಗುವ ಆಸೆ ಕೊಟ್ಟ, ಜೊತೆಗೆ ನೆರೆಹೊರೆಯನ್ನೂ ಕೊಟ್ಟ.

ಮಣ್ಣಗುಡ್ಡದ ತಿರುವಿನಲ್ಲಿ ಉಮರಬ್ಬ ಬ್ಯಾರಿಯ ಅಂಗಡಿ. ಅವರು ಬೆಲ್ಲ ತೂಗುತ್ತಿದ್ದವರು ತಕ್ಕಡಿಯನ್ನು ಹಾಗೇ ಬಿಟ್ಟು ಕೆಳಗಿಳಿದರು.

"ಮಾಸ್ಟ್ರೇ, ಎಂತ ಇದು?"

"ಏನಿಲ್ಲ ಸಾಹುಕಾರ್ರೇ. ಪರೀಕ್ಷೆ."

"ಪರೀಕ್ಷೆಗೆ ಕೈ ಮುರೀತಾರಾ? ಎಂತ ಕಾಲೇಜು ಅದು?"

"ಮುರಿಯಲಿಲ್ಲ. ಮುರಿದ ಹಾಗೆ ಕಟ್ಟಿದ್ದು."

ಉಮರಬ್ಬ ಅವನ ಮುಖವನ್ನು ಮರುಕದಿಂದ ನೋಡಿದರು. ನೋವು ಜಾಸ್ತಿಯಾದರೆ ಮಾತು ಹೀಗೆ ಅಡ್ಡ ಹೋಗುವುದನ್ನು ಅವರು ಕಂಡವರು. ಒಳಗಿನಿಂದ ಕೋಳಿಮೊಟ್ಟೆ ತಂದು ಅವನ ಎಡಗೈಗೆ ತುರುಕಿ, "ಎಲುಬು ಕೂಡಲಿಕ್ಕೆ ಇದರಷ್ಟು ಒಳ್ಳೆದು ಬೇರೆ ಇಲ್ಲ. ಆ ಗಂಟು ಸ್ವಲ್ಪ ಸಡಿಲ ಮಾಡಲಾ?" ಎಂದು ಕೈ ಚಾಚಿದರು.

"ಗಂಟು ಮುಟ್ಟಬೇಡಿ," ಎಂದು ಲೋಕಯ್ಯ ಸರಿದು ನಡೆದ.

ಗೇಟಿನ ಬಳಿ ಪಕ್ಕದ ಮನೆಯ ಗೆರ್ಟ್ರೂಡ್ ಬಾಯಿ ಕಂಡರು. ಅವರು ಸುದ್ದಿ ಹೇಳುವುದು ಸೇಮಿಗೆ ಒತ್ತಿದ ಹಾಗೆ. ಒಳಗೆ ಹಾಕಿದ್ದು ಒಂದು ಮುದ್ದೆ, ಹೊರಗೆ ಬರುವುದು ನೂರು ಎಳೆ. ಲೋಕಯ್ಯ ಕಾಲು ತೊಳೆದು ಜಗಲಿ ಹತ್ತುವುದರೊಳಗೆ ಅವನು ಬಸ್ಸಿನಿಂದ ಬಿದ್ದಿದ್ದ. ಚಾಪೆ ಬಿಡಿಸುವುದರೊಳಗೆ ಬಸ್ಸು ಅವನ ಮೇಲೆ ಹೋಗಿತ್ತು. ತಲೆ ಇಡುವಷ್ಟರಲ್ಲಿ ಗೆರ್ಟ್ರೂಡ್ ಬಾಯಿ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದೇ ಬಿಟ್ಟರು.

"ಬೆರಳು ನೋಡಿ, ಬಾತಿದೆ. ಇಂಗ್ಲಿಷ್ ಕಟ್ಟು ರಕ್ತ ನಿಲ್ಲಿಸ್ತದೆ. ಬಿಚ್ಚಿ ಉಜ್ಜಿಬಿಡುವ."

"ಬಾತಿಲ್ಲ ಬಾಯಮ್ಮಾ, ನನ್ನ ಬೆರಳೇ ಹಾಗೆ. ಗಂಟು ಮುಟ್ಟಬೇಡಿ."

"ಎಲ್ಲ ರೋಗಿಗಳೂ ಹೀಗೇ ಹೇಳುವುದು."

ಒಳಗಿನಿಂದ ಕಿನ್ನಿ ಮಾಮಿ ಬಂದರು. ಲೋಕಯ್ಯನ ತೀರಿಹೋದ ಸೋದರಮಾವನ ಹೆಂಡತಿ. ಓದು ಮುಗಿಯುವವರೆಗೆ ಅವನಿಗೆ ಅನ್ನ ಹಾಕುತ್ತಿದ್ದವರು ಅವರೇ. ಕೈಯನ್ನು ನೋಡಿದರು, ಸೆರಗಿನಿಂದ ಕಣ್ಣೊರೆಸಿದರು.

"ಮಾಮಿ, ಕೈಗೆ ಏನೂ ಆಗಲಿಲ್ಲ. ನಾಳೆ ನಾನು ಅಯ್ಯೂಬನಿಗೆ ಕಟ್ಟಬೇಕು, ಇವತ್ತು ಅವನು ನನಗೆ ಕಟ್ಟಿದ. ಗಂಟು ಹೋದರೆ ಎಲ್ಲ ಹೋಯಿತು, ಅಷ್ಟೆ."

"ಗಂಟು," ಎಂದರು ಮಾಮಿ ಮೆಲ್ಲಗೆ. "ಆಯಿತು ಮಗಾ. ಮಲಗು."

ಮಲಗಿದ. ಅವನ ತಲೆಯ ಮೇಲೆ ಜಗಲಿಯ ಗೋಡೆಯಲ್ಲಿ ನಾಳೆಯ ಆರೋಗ್ಯ ಪಾಠದ ಚಿತ್ರ ತೂಗುತ್ತಿತ್ತು. ಅವನೇ ಬರೆದದ್ದು: ಹಲ್ಲು ಬಿಟ್ಟ ಒಂದು ಬಾಯಿ, ಅದರ ಮೇಲೆ ಕೆಂಪು ಅಡ್ಡಗೀಟು, ಕೆಳಗೆ 'ಬ್ಯಾಂಡೇಜಿನ ಬಟ್ಟೆಯನ್ನು ಬಾಯಿಗೆ ತಾಗಿಸಬಾರದು'. ಕಟ್ಟುತ್ತಾ ಕಟ್ಟುತ್ತಾ ಇದನ್ನು ವಿವರಿಸಬೇಕು. ಎರಡಕ್ಕೂ ಸೇರಿಸಿ ಮಾರ್ಕು. ನಿದ್ದೆಗಣ್ಣಿನಲ್ಲಿ ಅವನಿಗೆ ಒಳಗೆ ದೀಪ ಹಚ್ಚಿದ ಬೆಳಕು ಕಂಡಿತು. ದೈವದ ಮಣೆಯ ಮುಂದೆ ಮಾಮಿ ಏನೋ ಹೇಳಿಕೊಳ್ಳುತ್ತಿದ್ದರು. ಪಾಪ, ದಿನಾ ಹೇಳಿಕೊಳ್ಳುವವರು, ಎಂದುಕೊಂಡು ಮಗ್ಗುಲಾದ.

ಎಚ್ಚರಾದದ್ದು ಉಮರಬ್ಬನವರ ದನಿಗೆ. ಎಲುಬು ಕೂಡಿಸುವ ವೈದ್ಯರನ್ನೇ ಗಾಡಿಯಲ್ಲಿ ಕೂರಿಸಿ ತಂದಿದ್ದರು. ವೈದ್ಯರ ಕೈಯಲ್ಲಿ ಅರೆದ ಸೊಪ್ಪು, ಕಂಕುಳಲ್ಲಿ ಬಿದಿರಿನ ಸೀಳು. ಗೆರ್ಟ್ರೂಡ್ ಬಾಯಿ ಅವನ ಕಾಲು ಅದುಮಿ ಹಿಡಿಯಲು ಸಿದ್ಧರಾಗಿ ನಿಂತಿದ್ದರು.

"ಮೊದಲು ಆ ಗಂಟು ಬಿಚ್ಚುವ," ಎಂದರು ವೈದ್ಯರು.

ಲೋಕಯ್ಯ ಉತ್ತರ ಕೊಟ್ಟು ಕೊಟ್ಟು ಸೋತಿದ್ದ. ಅಡುಗೆಮನೆ ಹಾದು, ಹಿಂಬಾಗಿಲಲ್ಲಿದ್ದ ಚಪ್ಪಲಿ ಮೆಟ್ಟಿ, ಬಾವಿಕಟ್ಟೆ ಸುತ್ತಿ, ಹಿತ್ತಲ ಪಾಗಾರವನ್ನು ಒಂದೇ ಕೈಯಲ್ಲಿ ಹತ್ತಿ, ಆಚೆ ಬದಿಯ ಕೆಸುವಿನ ಗಿಡಗಳ ಮೇಲೆ ಬೆನ್ನು ಕೆಳಗಾಗಿ ಬಿದ್ದ. ಬೀಳುವಾಗಲೂ ಭುಜವನ್ನು ಮೇಲೆ ಹಿಡಿದಿದ್ದ, ಉತ್ಸವದ ಬಲಿಮೂರ್ತಿ ಹೊತ್ತವರ ಹಾಗೆ. ಒಂದು ಚಪ್ಪಲಿ ಅಲ್ಲಿಯೇ ಉಳಿಯಿತು. ಇನ್ನೊಂದನ್ನು ಮೆಟ್ಟಿಕೊಂಡು ಕುಂಟುತ್ತಾ ಕಾಲೇಜಿಗೆ ಮುಟ್ಟುವಾಗ, ನೋಡಿದವರಿಗೆ ಕಾಲೂ ಮುರಿದ ಹಾಗೆ ಕಾಣುತ್ತಿತ್ತು.

ಮ್ಯಾಕ್ಸಿಮ್ ಸರ್ ಕನ್ನಡಕ ಏರಿಸಿ ನೋಡಿದರು. ಗಂಟು ಇದ್ದಲ್ಲೇ ಇತ್ತು. ಸಹಿಯ ಒಂದು ಗೆರೆಯೂ ಅಲ್ಲಾಡಿರಲಿಲ್ಲ.

"ಅಯ್ಯೂಬ್ ಪಾಸ್," ಎಂದರು. ಆಮೇಲೆ ಲೋಕಯ್ಯನ ಅಂಗಿಯ ಕೆಸರನ್ನು ನೋಡಿ, "ರೋಗಿಗೂ ಮಾರ್ಕು ಕೊಡುವ ನಿಯಮ ಇದ್ದಿದ್ದರೆ ನೀವೇ ಫಸ್ಟ್. ನಾಳೆ ಬೆಳಿಗ್ಗೆ ಬನ್ನಿ. ನೀವು ಕಟ್ಟುವುದನ್ನು ಈ ವರ್ಷ ನಾನು ನಿತ್ಯ ನೋಡ್ತಾ ಇದ್ದೇನೆ. ಹೆದರುವ ಅಗತ್ಯ ಇಲ್ಲ," ಎಂದರು.

ಎರಡೂ ಕೈ ಬೀಸಿಕೊಂಡು, ಉಳಿದ ಚಪ್ಪಲಿಯನ್ನೂ ಬಿಟ್ಟು ಬರಿಗಾಲಲ್ಲಿ, ಲೋಕಯ್ಯ ಮನೆಯ ದಾರಿ ಹಿಡಿದ. ಅವನ ಮುಖದಲ್ಲಿ ವರ್ಷಗಳಿಂದ ಕಾಣದ ಒಂದು ನೆಮ್ಮದಿ ಇತ್ತು.

ತಿರುವಿನಲ್ಲಿ ಉಮರಬ್ಬ ಆ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಲ್ಲಾಹನ ಕರುಣೆ," ಎಂದರು. ಆಮೇಲೆ, "ಮೊಟ್ಟೆ ಬೇಯಿಸಿದ್ದೀರಾ?" ಎಂದು ಕೇಳಿದರು. ಗೇಟಿನಲ್ಲಿ ಗೆರ್ಟ್ರೂಡ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡು, ಸುದ್ದಿ ಹೇಳಲು ಆಚೆ ಮನೆಗೆ ಹೊರಟರು.

ಕಿನ್ನಿ ಮಾಮಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ.

"ನನಗೆ ಗೊತ್ತಿತ್ತು ಮಗಾ. ಹರಕೆ ಹೇಳಿಕೊಂಡಿದ್ದೆ. ಕೈ ಗುಣವಾದರೆ ದೈವದ ನೇಮದ ದಿನ ಬೆಳ್ಳಿಯ ಕೈ ಒಪ್ಪಿಸ್ತೇವೆ ಅಂತ."

"ಒಪ್ಪಿಸುವ ಮಾಮಿ. ಸಂಬಳ ಆಗಲಿ, ಒಪ್ಪಿಸುವ."

"ಅಷ್ಟರವರೆಗೆ ಆ ಕೈಯಲ್ಲಿ ಗಂಟು ಹಾಕುವುದಿಲ್ಲ ಅಂತಲೂ ಹೇಳಿದ್ದೇನೆ."

ಲೋಕಯ್ಯ ಜಗಲಿಯ ಅಂಚಿನಲ್ಲಿ ನಿಧಾನವಾಗಿ ಕುಳಿತ. "ಗಂಟು ಯಾಕೆ ಮಾಮಿ?"

"ಬಂದಲ್ಲಿಂದ ನೀನು ಗಂಟು ಗಂಟು ಅಂತ ನರಳುತ್ತಿದ್ದೆಯಲ್ಲ. ನಿನ್ನ ಕಂಟಕ ಅದರಲ್ಲೇ ಇದೆ ಅಂತ ನನಗೆ ಕಂಡಿತು."

"ನೇಮ ಯಾವಾಗ?"

"ವರ್ಷದ ನೇಮಗಳಿಗೆಲ್ಲ ಕೊನೆ ಪತ್ತನಾಜೆ, ಅದು ಮೊನ್ನೆ ಕಳೀತಲ್ಲ ಮಗಾ. ದೈವ ಗೆಜ್ಜೆ ಬಿಚ್ಚಿ ಕೂತಾಯಿತು. ಇನ್ನು ದೀಪಾವಳಿ ಆದ ಮೇಲೆ."

ಮಲೇರಿಯಾ ಸೊಳ್ಳೆಯಿಂದ ಬರುತ್ತದೆ, ಕಜ್ಜಿ ಕೊಳೆಯಿಂದ ಬರುತ್ತದೆ ಎಂದು ಬರೆದು ಲೋಕಯ್ಯ ಒಳ್ಳೆಯ ಮಾರ್ಕು ತೆಗೆದವನೇ. ಮುರಿಯದ ಕೈಗೆ ಹೇಳಿದ ಹರಕೆ ತಟ್ಟುತ್ತದೋ ಇಲ್ಲವೋ ಎಂಬ ಪಾಠ ಮಾತ್ರ ಪುಸ್ತಕದಲ್ಲಿ ಇರಲಿಲ್ಲ. ಒಳಗೆ ದೀಪ ಇನ್ನೂ ಉರಿಯುತ್ತಿತ್ತು. ಅವನು ಅದರತ್ತ ಒಮ್ಮೆ ನೋಡಿದ, ತನ್ನ ಬಲಗೈಯನ್ನು ಒಮ್ಮೆ ನೋಡಿದ, ಮತ್ತೆ ಅದನ್ನು ಮೆಲ್ಲಗೆ ಮಡಿಲಲ್ಲಿ ಇಟ್ಟುಕೊಂಡ. ನಂಬದಿರುವಷ್ಟು ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಅಯ್ಯೂಬ್ ಹಲ್ವದ ಪೊಟ್ಟಣ ಹಿಡಿದು ಬಂದ. ಸಂಗತಿ ಕೇಳಿದ. ನಗಲಿಲ್ಲ. ಅವನ ಮನೆಯಲ್ಲೂ ಹರಕೆ ಹೇಳುವ ಅಜ್ಜಿ ಇದ್ದರು. ಸುಮ್ಮನೆ ತೋಳು ಮುಂದೆ ಚಾಚಿ ಕುಳಿತು, "ನಿಮ್ಮ ಎಡಗೈಗೆ ಹರಕೆ ಇಲ್ಲವಲ್ಲ, ಅದರಲ್ಲಿ ಕಟ್ಟಿ ನೋಡಿ," ಎಂದ.

ಲೋಕಯ್ಯ ಎಡಗೈಯಲ್ಲಿ ಸುತ್ತಿದ. ಸುತ್ತು ಸರಿಯಾಗಿ ಬಂತು. ಗಂಟಿಗೆ ಎರಡು ತುದಿ ಬೇಕು, ಇದ್ದದ್ದು ಒಂದೇ ಕೈ. ಅವನು ಬಗ್ಗಿ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ.

"ಒಳ್ಳೆ ಗಂಟು ಲೋಕಯ್ಯಣ್ಣ. ನನ್ನದಕ್ಕಿಂತ ಒಳ್ಳೆದುಂಟು," ಎಂದ ಅಯ್ಯೂಬ್ ಖುಷಿಯಲ್ಲಿ. ಆಮೇಲೆ ಅವನ ಕಣ್ಣು ಗೋಡೆಯ ಚಿತ್ರಕ್ಕೆ ಹೋಯಿತು. "ನಾಳೆ ನಿಮ್ಮ ಪಾಠ ಯಾವುದು?"

ಲೋಕಯ್ಯ ಉತ್ತರ ಕೊಡಲಿಲ್ಲ. ಬಾಯಲ್ಲಿ ಬಟ್ಟೆ ಇತ್ತು.