ಪತ್ರಾಸು ನೋಡಲು ಬಂದ ಬೀಗರು

ಸರ್ಕಾರಿ ಕೆಲಸ ಎಂದರೆ ನಮ್ಮ ಓಣಿಯ ಮಂದಿ ಹೆದರುತ್ತಾರೆ. ನಾನು ಹೆದರುವುದಿಲ್ಲ. ಹೈಸ್ಕೂಲಿನಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾದವನು ನಾನು. ಅರ್ಜಿ ಎಂಬ ಪದಾರ್ಥವನ್ನು ಯಾವ ಟೇಬಲ್ಲಿಗೆ ಮೊದಲು ಒಯ್ಯಬೇಕು, ಯಾವ ಸಾಹೇಬರ ಮುಂದೆ ಕೆಮ್ಮಬೇಕು, ಯಾರ ಮುಂದೆ ಕೆಮ್ಮಬಾರದು ಎಂಬ ಸಮಸ್ತ ವಿದ್ಯೆಯೂ ನನಗೆ ಕರಗತ. ಹೀಗಾಗಿ ನಮ್ಮ ವಾರ್ಡ್ ಆಫೀಸಿನವರು, ಮನೆಯಲ್ಲೇ ಸಣ್ಣ ಉದ್ಯೋಗ ಮಾಡುವವರಿಗೆ ಉದ್ಯೋಗಕ್ಕೂ ನೆರವು, ಮನೆ ರಿಪೇರಿಗೂ ನೆರವು ಎಂದು ಗೋಡೆಗೆ ಕಾಗದ ಅಂಟಿಸಿದಾಗ ನಾನು ಮೀಸೆಯ ಮೇಲೆ ಕೈ ಇಟ್ಟೆ. ನೆರವು ನಮ್ಮ ಮನೆಗೆ ಬಂದೇಬಿಟ್ಟಿತು ಎಂದು ಅಲ್ಲೇ ನಿಂತು ನಿಶ್ಚಯಿಸಿದೆ.

ಉದ್ಯೋಗವೇನೋ ನಮ್ಮ ಮನೆಯಲ್ಲಿತ್ತು. ನನ್ನದಲ್ಲ, ಹೆಂಡತಿ ಗಂಗಾಳದು. ಹಿತ್ತಲ ಕಡೆಯ ಖೋಲಿಯಲ್ಲಿ ಅವಳು, ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಜೋಳದ ರೊಟ್ಟಿ ಬಡಿದು ದುರ್ಗದಬೈಲಿನ ಖಾನಾವಳಿಗೆ ಕೊಡುತ್ತಾಳೆ. ರೊಟ್ಟಿಗೆ ಹೆಸರಿತ್ತು. ಖೋಲಿಗೆ ಮಾತ್ರ ತಗಡಿನ ಚಾವಣಿ. ನಮ್ಮ ಕಡೆ ಅದಕ್ಕೆ ಪತ್ರಾಸು ಎನ್ನುತ್ತೇವೆ. ನಮ್ಮ ಪತ್ರಾಸು ತೂತು ಬಿದ್ದು ಜರಡಿಯಾಗಿತ್ತು. ಹೋದ ಮಳೆಗಾಲದಲ್ಲಿ ನೀರು ನೇರ ತವಾದ ಮೇಲೆಯೇ ಬಿದ್ದು, ಗಂಗಾ ಒಲೆ ಆರಿಸಿ ಕೈಕಟ್ಟಿ ಕುಳಿತಿದ್ದಳು.

"ಈ ಸಲಾನೂ ಒಲಿ ಆರಿತಂದ್ರ ಖಾನಾವಳಿಯವ್ರು ಬ್ಯಾರೆ ಕಡೆ ಹೋಗ್ತಾರ. ಖಡಾಖಂಡಿತ ಹೇಳ್ಯಾರ. ಆಮ್ಯಾಲೆ ನನ್ನ ದಂಧೆ ಮುಗದಂಗ ತಿಳೀರಿ. ಆ ಇಬ್ಬರು ಹುಡುಗ್ಯಾರಿಗೆ ನಾ ಏನಂತ ಮುಖಾ ತೋರಸ್ಲಿ?" ಎಂದಳು ಗಂಗಾ. 

"ನಾ ಅದೀನೆಲ್ಲ!" ಎಂದೆ.

"ಅದೇ ಅಂಜಿಕಿ," ಎಂದಳು.

ನಾನು ಕೇಳಿಸದವನಂತೆ ಅರ್ಜಿ ಬರೆದೆ. ಅರ್ಜಿದಾರರು ಎಂಬಲ್ಲಿ ನನ್ನ ಹೆಸರು ಹಾಕಿದೆ. ಮನೆಯ ಯಜಮಾನ ನಾನಿರುವಾಗ ಉದ್ಯಮಿ ಇನ್ಯಾರು? ಜೀವನದಲ್ಲಿ ನಾನು ರೊಟ್ಟಿಯನ್ನು ಮುಟ್ಟಿದ್ದು ತಿನ್ನುವಾಗ ಮಾತ್ರ ಎಂಬ ಸಂಗತಿಯನ್ನು ಯಾರೂ ಕೇಳಿರಲಿಲ್ಲ, ನಾನೂ ಬರೆಯಲಿಲ್ಲ. ಕೆಲದಿನಗಳಲ್ಲೇ ವಾರ್ಡ್ ಆಫೀಸಿನಿಂದ ಫೋನು ಬಂತು. ಗುರುವಾರ ಮುಂಜಾನೆ ಇಂಜಿನಿಯರ್ ಬಾಯಿಯವರು, ಎಂದರೆ ಮೇಡಂ, ಮನೆ ನೋಡಲು ಬರುತ್ತಾರೆ, ಮನೆಯಲ್ಲೇ ಇರಿ!

ಮನೆ ನೋಡಲು ಬರುತ್ತಾರೆ! ಇಲ್ಲೇ ನನ್ನ ಬುದ್ಧಿ ಹಳಿ ತಪ್ಪಿದ್ದು. ನಮ್ಮ ಮನೆಯನ್ನು ನೋಡಲು ಮಂದಿ ಬಂದದ್ದು ಅಲ್ಲಿಯವರೆಗೆ ಒಂದೇ ಸಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ. ಆಗ ಉದುರಿದ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ, ಒಡೆದ ಫರಸಿಯ ಮೇಲೆ ಜಮಖಾನೆ ಹಾಸಿ, ಶಿರಾ ಉಪ್ಪಿಟ್ಟು ತಿನ್ನಿಸಿ, ಬೀಗರ ಬಾಯಿಂದ "ಪಸಂದ ಐತ್ರಿ" ಅನ್ನಿಸಿದ್ದೆ. ಅದೇ ಮಗಳು ಈಗ ನವನಗರದಲ್ಲಿ ಸುಖವಾಗಿದ್ದಾಳೆ. ನೋಡುವವರು ಬಂದಾಗ ಚಂದದ್ದನ್ನು ಮುಂದಿಡಬೇಕು, ಕುಂದನ್ನು ಮುಚ್ಚಿಡಬೇಕು ಎಂಬುದು ನಮ್ಮ ಹಿರಿಯರು ಹಾಕಿಕೊಟ್ಟ ಪದ್ಧತಿ. ಪದ್ಧತಿ ಬಿಡಲು ಬರುತ್ತದೆಯೇ?

"ಇದ್ದದ್ದು ಇದ್ದಂಗ ತೋರಸೂಣ್ರಿ," ಎಂದಳು ಗಂಗಾ.

"ಹುಚ್ಚಿ ಇದ್ದೀ! ಸರ್ಕಾರದ ಮಂದಿ ಮನಿಗೆ ಬರಾಕತ್ತಾರ. ತೂತು ಪತ್ರಾಸ ತೋರಿಸಿ ಮಾನ ಕಳಕೊಳ್ಳೂದೇನು? ಇಂಥಾ ಮನಿಗೆ ನೆರವು ಕೊಟ್ರ ದಂಡ ಅಂತ ಎದ್ದು ಹೋಗ್ತಾರ ನೋಡು."

"ಮನಿ ಕೆಟ್ಟೈತಿ ಅಂತನ ಅಲ್ರೀ ಅವರು ನೆರವು ಕೊಡೂದು?"

ಉತ್ತರವಿಲ್ಲದಾಗ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ದನಿ ಏರಿಸಿದೆ. "ನಿನಗ ಆಫೀಸಿನ ವ್ಯವಹಾರ ತಿಳಿಯಂಗಿಲ್ಲ!"

ಗೋಡೆಗಳಿಗೆ ಸುಣ್ಣ ಹಚ್ಚಿಸಿದೆ. ಬಿರುಕುಗಳನ್ನು ಸ್ವಹಸ್ತದಿಂದ ಸಿಮೆಂಟು ಮೆತ್ತಿ ಮುಚ್ಚಿದೆ. ಉಳಿದದ್ದು ಪತ್ರಾಸು. ಅದಕ್ಕೆ ಪಕ್ಕದ ಮನೆಯ ಈರಪ್ಪ ಕಾಕಾ ಒದಗಿ ಬಂದ. ಕಾಕಾನದು ಲಗ್ನಕ್ಕೆ ಪೆಂಡಾಲು ಹಾಕುವ ದಂಧೆ. ಗುಲಾಬಿ ಝಾಲರಿನ ಬಟ್ಟೆ ತಂದು, ಏಣಿ ಹತ್ತಿ, ಪತ್ರಾಸಿನ ಕೆಳಗೆ ಈ ಮೂಲೆಯಿಂದ ಆ ಮೂಲೆಗೆ ತಾನೇ ಬಿಗಿದ.

"ಕಾಕಾ, ತೂತು ಕಾಣಸ್ತಾವೇನ?"

"ತೂತು ಕಾಣೂದಿರ್ಲಿ, ಒಂದು ಹನಿ ನೀರು ಕೆಳಗ ಬಿದ್ರ ನನ್ನ ಹೆಸರ ಬದಲಿಸು! ಒಳಗ ಪ್ಲಾಸ್ಟಿಕ್ ಹಚ್ಚಿದ್ದ ಐತಿ," ಎಂದ ಕಾಕಾ. ಹುರುಪು ಬಂದು, ಮದುಮಕ್ಕಳು ಕೂರುವ ಕೆಂಪು ಮಖಮಲ್ಲಿನ ಜೋಡಿ ಕುರ್ಚಿಯನ್ನೂ ತಂದಿಟ್ಟ. "ಬಾಯಾರು ಎಲ್ಲಿ ಕುಂಡರಬೇಕು ಮತ್ತ?"

ಕುರ್ಚಿ ಬಂದ ಮೇಲೆ ಒಲೆಗಳು ಅಸಹ್ಯವಾಗಿ ಕಂಡವು. ಒಲೆ, ತವಾ, ಹಿಟ್ಟಿನ ಡಬ್ಬಿ, ಒಣಗಿಸಿದ ರೊಟ್ಟಿಯ ಪೆಟ್ಟಿಗೆ ಎಲ್ಲವನ್ನೂ ಕಾಕಾನ ಮನೆಗೆ ಸಾಗಿಸಿದೆ. ಇಬ್ಬರು ಹೆಣ್ಣುಮಕ್ಕಳಿಗೆ ಅಂದು ಸೂಟಿ ಕೊಟ್ಟೆ. ಗಂಗಾ ಬಾಗಿಲಿಗೆ ಆತು ನಿಂತು, "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು," ಎಂದಳು. ನಾನು ಹಿಗ್ಗಿದೆ. ಮಲ್ಲಿಗೆ ಹೂವು ತರುವುದು ಮರೆತೇ ಹೋಗಿತ್ತು!

ಬುಧವಾರ ಸಂಜೆ, ಮುಂಗಾರಿಗೆ ಮೊದಲೇ, ದಪ್ಪ ಹನಿಯ ಅಡ್ಡಮಳೆ ಬಿತ್ತು. ಓಡಿ ಹೋಗಿ ಖೋಲಿ ನೋಡಿದೆ. ನೆಲ ಒಣಗಿತ್ತು. ಪೆಂಡಾಲಿನ ಬಟ್ಟೆ ಮಾತ್ರ ನಡುವೆ ಸ್ವಲ್ಪ ಜೋತು, ಉಂಡ ಸಾಹುಕಾರನ ಹೊಟ್ಟೆಯ ಹಾಗೆ ದುಂಡಗಾಗಿತ್ತು. ಇದೂ ಒಂದು ಲಕ್ಷಣವೇ ಎಂದು ಸಂತೋಷಪಟ್ಟೆ.

ಗುರುವಾರ ಇಂಜಿನಿಯರ್ ಬಾಯಿಯವರು ಸ್ಕೂಟಿಯ ಮೇಲೆ ಬಂದರು. ವಯಸ್ಸು ಚಿಕ್ಕದು, ಮುಖ ಗಂಭೀರ. ನಾನು ಜರಿಯಂಚಿನ ಧೋತರ ಉಟ್ಟು, ಕೈಮುಗಿದು ಹೊಸ್ತಿಲಲ್ಲಿ ನಿಂತಿದ್ದೆ. ಒಳಗೆ ಕಾಲಿಟ್ಟವರೇ ಅವರು ತಿರುಗಿ ಹೊರಗೆ ಹೋಗಿ ಮನೆಯ ನಂಬರು ನೋಡಿ ಬಂದರು.

"ಅರ್ಜಿ ಕೊಟ್ಟವರು ನೀವ ಏನ್ರಿ?"

"ನಾನ ರೀ ಬಾಯಾರ. ಬರ್ರಿ, ಮೊದಲ ಕುಂಡ್ರಿ. ಸ್ವಲ್ಪ ಶಿರಾ ತಗೋರಿ."

"ಶಿರಾ ಬ್ಯಾಡ್ರಿ. ಹಿಂದಿನ ಖೋಲಿ ಸೋರ್ತದ ಅಂತ ಬರದೀರಿ. ಎಲ್ಲಿ ಸೋರ್ತದ ತೋರಸ್ರಿ."

ಓದುಗರೇ, ಈಗ ನಾನು ಆಡಿದ ಮಾತನ್ನು ಕೇಳಿ ನಗಬೇಡಿ. ಬೀಗರು ಬಂದು "ಹುಡುಗಿಗೆ ಸಿಟ್ಟು ಭಾಳ ಅಂತ ಹೌದೇನ್ರಿ?" ಎಂದು ಕೇಳಿದರೆ ಹಡೆದ ತಂದೆಯ ಬಾಯಿಂದ ಏನು ಬರುತ್ತದೋ ಅದೇ ಬಂತು.

"ಛೇ ಛೇ! ಎಲ್ಲೀದು ಸೋರೂದ್ರಿ! ನಿಮ್ಮಂಥವರ ಆಶೀರ್ವಾದದಿಂದ ಎಲ್ಲಾ ಛಲೋ ಐತ್ರಿ!"

ಗಂಗಾ ಹಣೆ ಚಚ್ಚಿಕೊಂಡ ಸಪ್ಪಳ ಅಡುಗೆಮನೆಯಿಂದ ಕೇಳಿಸಿತು. ಬಾಯಿಯವರು ಹಿಂದಿನ ಖೋಲಿಗೆ ನಡೆದು, ಮೊಬೈಲ್ ತೆಗೆದು ಗೋಡೆಯ ಫೋಟೋ ಹೊಡೆದರು. ಗುಲಾಬಿ ಝಾಲರಿನದು ಹೊಡೆದರು. ಮಖಮಲ್ಲಿನ ಕುರ್ಚಿಯದು ಹೊಡೆದರು. ಪ್ರತಿ ಫೋಟೋದಲ್ಲೂ ನಾನು ಎದೆ ಉಬ್ಬಿಸಿ ನಿಂತೆ.

"ಉದ್ಯೋಗ ಎಲ್ಲಿ ನಡೀತದ?"

"ಇಲ್ಲೇ ರೀ!"

ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಒಲೆಯಿಲ್ಲ, ಹಿಟ್ಟಿಲ್ಲ, ಮನುಷ್ಯರಿಲ್ಲ. "ಒಲಿ ಎಲ್ಲಿ ಅದ?"

"ನೀವು ಬರ್ತೀರಂತ ತಗದಿಟ್ಟೇವ್ರಿ. ನಿಮ್ಮ ಮುಂದ ಒಲಿ ಇಟ್ರ ಚಂದ ಕಾಣಂಗಿಲ್ಲ ನೋಡ್ರಿ."

ಬಾಯಿಯವರು ಮೊದಲ ಬಾರಿಗೆ ಕುರ್ಚಿಯಲ್ಲಿ ಕುಳಿತರು. ಗಂಗಾ ಇನ್ನು ತಡೆಯಲಾರದೆ ಹೊರಬಂದಳು. "ಬಾಯಾರ, ಇವರ ಮಾತು ಬಿಡ್ರಿ. ರೊಟ್ಟಿ ಮಾಡಾಕಿ ನಾನು. ಪತ್ರಾಸ ಸೋರೂದು ಖರೇ. ಸಾಮಾನೆಲ್ಲಾ ಕಾಕಾನ ಮನ್ಯಾಗ ಅದಾವು."

"ಅಕ್ಕಾರ, ಅರ್ಜಿ ಇವರ ಹೆಸರಿಲೆ ಅದ. ಅರ್ಜಿದಾರರು ಕೆಲಸಾ ಮಾಡೂ ಫೋಟೋ ಇಲ್ಲಂದ್ರ ಮೊಬೈಲಿನ್ಯಾಗ ಅರ್ಜಿ ಮುಂದ ಹೋಗಂಗಿಲ್ರಿ."

ಅಂದರೆ ಏನು? ನಾನು ರೊಟ್ಟಿ ಬಡಿಯಬೇಕು!

ಕಾಕಾ ಒಲೆ ಹೊತ್ತು ತಂದ. ಗಂಗಾ ಹಿಟ್ಟು ನಾದಿ ಉಂಡೆ ಮುಂದಿಟ್ಟಳು. ನಾನು ಜರಿಧೋತರದಲ್ಲಿ ನೆಲಕ್ಕೆ ಕುಳಿತು, ಹಿಟ್ಟಿನ ಮೇಲೆ ಕೈ ಎತ್ತಿ ಬಡಿದೆ. ರೊಟ್ಟಿ ಅರ್ಧ ಕೈಗೆ ಬಂತು, ಅರ್ಧ ಪರಾತದ ತಟ್ಟೆಯಲ್ಲಿ ಉಳಿಯಿತು. ಮತ್ತೆ ಬಡಿದೆ. ಹಿಟ್ಟು ಹಾರಿ ಮೀಸೆಗೆ ಕೂತಿತು. "ಮೆತ್ತಗ ತಟ್ಟೋ ಮಾರಾಯಾ, ಅದೇನು ನಿನ್ನ ಸಾಲಿ ಹುಡುಗರ ಬೆನ್ನೇನು?" ಎಂದ ಕಾಕಾ. ಬಾಯಿಯವರು ತುಟಿ ಕಚ್ಚಿಕೊಂಡು ಫೋಟೋ ಹೊಡೆದರು. ಹಿಟ್ಟಿನ ಡಬ್ಬಿಗೆ ಬಿದ್ದ ಇಲಿಯ ಹಾಗೆ ಬಂದಿತ್ತು ನನ್ನ ಮುಖ.

ಮಾನ ಹೇಗೂ ಹೋಯಿತು, ನೆರವಾದರೂ ಉಳಿಯಲಿ ಎಂದು ನಾನು ಎದ್ದೆ. "ಬಾಯಾರ, ಪತ್ರಾಸ ಖರೇನ ಸೋರತೈತ್ರಿ. ಈಗ ತೋರಸ್ತೀನಿ ನೋಡ್ರಿ!" ಎಂದು ಬಡಿಗೆ ತೆಗೆದುಕೊಂಡು ಆ ಸಾಹುಕಾರನ ಹೊಟ್ಟೆಗೆ ತಿವಿದೆ.

"ಏ ಬ್ಯಾಡೋ!" ಎಂದು ಕಾಕಾ ಕೂಗುವುದಕ್ಕೂ ಬಟ್ಟೆ ಹರಿಯುವುದಕ್ಕೂ ಸರಿಹೋಯಿತು. ಬುಧವಾರದ ಅಡ್ಡಮಳೆ ಗುರುವಾರ ನನ್ನ ತಲೆಯ ಮೇಲೆ ಸುರಿಯಿತು. ಒಲೆ ಆರಿತು, ಹಿಟ್ಟು ಅಂಬಲಿಯಾಯಿತು. ಬಾಯಿಯವರು ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಡಸಾಲೆಗೆ ಜಿಗಿದರು. ನಾನು ಮಾತ್ರ ಆನಂದದಿಂದ ಕುಣಿದೆ.

"ನೋಡಿದ್ರೇನ್ರಿ? ಸೋರತೈತಿ! ಸೋರತೈತಿ!"

"ನೋಡಿದೆ ರೀ. ಆದ್ರ ಫೋಟೋ ಎಲ್ಲಾ ಆಗಳೇ ಮೊಬೈಲಿನಿಂದ ಮ್ಯಾಲಿನ ಆಫೀಸಿಗೆ ಹೋಗ್ಯಾವು. ಒಮ್ಮೆ ಹೋದ ಫೋಟೋ ತಿರುಗಿ ತರಾಕ ನನಗೂ ಬರಂಗಿಲ್ಲ, ನಮ್ಮ ಸಾಹೇಬ್ರಿಗೂ ಬರಂಗಿಲ್ಲ," ಎಂದು ಅವರು ಹೆಲ್ಮೆಟ್ ಹಾಕಿಕೊಂಡರು. ಹೋಗುವಾಗ ಗಂಗಾಳನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತು ಎಂಬುದಕ್ಕೆ ಪುರಾವೆಯಾಗಿ ಉತ್ತರ ಬಂತು. ಮನೆ ಸುಸ್ಥಿತಿಯಲ್ಲಿದೆ, ಅರ್ಜಿ ತಿರಸ್ಕೃತ. ಅಷ್ಟಕ್ಕೇ ಬಿಟ್ಟಿದ್ದರೆ ಸರ್ಕಾರ ಹೇಗಾದೀತು? ಆಫೀಸಿನಲ್ಲಿ ಫೋಟೋ ನೋಡಿದ ಯಾರೋ ಪುಣ್ಯಾತ್ಮರು ಝಾಲರು, ಜೋಡಿ ಕುರ್ಚಿ, ಧೋತರ, ಶಿರಾ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದ್ದರು. ಮರುವಾರ ಇನ್ನೊಂದು ನೋಟಿಸು ಬಂತು. ಪರವಾನಗಿಯಿಲ್ಲದೆ ಮಂಗಲ ಕಾರ್ಯಾಲಯ ನಡೆಸುತ್ತಿರುವುದೇಕೆ, ಉತ್ತರಿಸಿ!

"ಹೋಗ್ಲಿ ಬಿಡೋ, ಬುಕಿಂಗ್ ಚಾಲೂ ಮಾಡು. ಪೆಂಡಾಲ ಹೆಂಗೂ ನಂದ ಐತಿ," ಎಂದ ಈರಪ್ಪ ಕಾಕಾ. ಅವನಿಗೆ ನಗು. ನನಗೆ ಗಂಗಾಳ ಮುಖ ನೋಡುವ ಧೈರ್ಯವಿರಲಿಲ್ಲ. ಮೋಡ ಕವಿಯಲು ಶುರುವಾಗಿತ್ತು. ಖಾನಾವಳಿಯವನು ಅತ್ತಿತ್ತ ರೊಟ್ಟಿ ವಿಚಾರಿಸುತ್ತಿದ್ದಾನೆಂದು ಸುದ್ದಿಯೂ ಬಂತು. ಆ ದಿನ ಅವಳು ನನ್ನ ತಾಟಿಗೆ ರೊಟ್ಟಿ ಹಾಕಿ, ಎದ್ದು ಒಲೆಯ ಕಡೆ ಹೋದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಸುಮ್ಮನೆ ಕುಳಿತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಇಂಜಿನಿಯರ್ ಬಾಯಿಯವರು ಅಂದು ಹೇಳಿಕೊಟ್ಟಂತೆ ತಾನೇ ವಾರ್ಡ್ ಆಫೀಸಿಗೆ ಹೋಗಿ, ತನ್ನ ಹೆಸರಿನಲ್ಲಿ ಹೊಸ ಅರ್ಜಿ ಕೊಟ್ಟು, ಮಂಗಲ ಕಾರ್ಯಾಲಯದ ನೋಟಿಸಿಗೂ ಉತ್ತರ ಕೊಟ್ಟು ಬಂದಿದ್ದಳು. ಯಾವ ಟೇಬಲ್ಲಿಗೂ ನಮಸ್ಕಾರ ಹಾಕದೆ! ಕೆಮ್ಮದೆ!

"ನಾಳೆ ಬಾಯಾರು ಬರ್ತಾರ," ಎಂದಳು ಒಂದು ದಿನ.

"ಹೌದಾ? ಹಂಗಾರ ಮತ್ತ..." ಎಂದು ನಾನು ಎದ್ದೆ.

"ಕುಂಡ್ರಿ. ಈ ಸಲ ಮನ್ಯಾಗಿನ ಒಂದು ಕಡ್ಡೀನೂ ಮುಚ್ಚಿಡಾಕಿ ಅಲ್ಲ ನಾ. ನಿಮ್ಮನ್ನ ಅಷ್ಟ ಮುಚ್ಚಿಡತೀನಿ. ಮುಂಜಾನೆದ್ದು ನವನಗರಕ್ಕ ಮಗಳ ಮನಿಗೆ ಹೋಗ್ರಿ. ನಾ ಫೋನ್ ಮಾಡೂತನಕ ಬರಬ್ಯಾಡ್ರಿ."

ಮುಂಜಾನೆ ಹೊರಟೆ. ಆದರೆ ಕಾಲು ಮುಂದೆ ಹೋಗಲಿಲ್ಲ. ಕಾಕಾನ ಅಂಗಳದಲ್ಲಿ ಪೆಂಡಾಲಿನ ಬಿದಿರುಗಳ ಸಂದಿಯಲ್ಲಿ ಕುಳಿತು ಇಣುಕಿದೆ. ನಮ್ಮ ಖೋಲಿಯಿಂದ ಹೊಗೆ ಬರುತ್ತಿತ್ತು. ಇಬ್ಬರು ಹೆಣ್ಣುಮಕ್ಕಳು ಪಟಪಟ ರೊಟ್ಟಿ ಬಡಿಯುತ್ತಿದ್ದರು. ಪತ್ರಾಸಿನ ತೂತುಗಳಿಂದ ಬಿಸಿಲು ಗಂಗಾಳ ಬೆನ್ನ ಮೇಲೆಲ್ಲ ಬಿದ್ದಿತ್ತು. ಬಾಯಿಯವರು ಬಂದರು, ಫೋಟೋ ಹೊಡೆದರು, ನಿಂತಲ್ಲೇ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಆಮೇಲೆ ಸುತ್ತ ನೋಡಿ ಕೇಳಿದರು.

"ಯಜಮಾನ್ರು ಎಲ್ಲಿ ಅದಾರ್ರಿ?"

"ಊರಾಗಿಲ್ರಿ."

"ಛಲೋ ಆತ್ರಿ ಅಕ್ಕಾರ. ಹಂಗಾರ ಕೆಲಸಾ ಲಗೂ ಆಗ್ತದ," ಎಂದರು ಬಾಯಿಯವರು.

ಕೆಲಸವೂ ಲಗೂ ಆಯಿತು. ಮುಂಗಾರು ಹಿಡಿಯುವ ಮುನ್ನ ಹೊಸ ಚಾವಣಿ ಬಂತು. ಮೊದಲ ದೊಡ್ಡ ಮಳೆಯಲ್ಲಿ ನಾನು ಖೋಲಿಯ ಬಾಗಿಲಲ್ಲಿ ನಿಂತು ನೋಡಿದೆ. ಮೇಲೆ ಧೋ ಎಂದು ಸುರಿಯುತ್ತಿದೆ, ಕೆಳಗೆ ಗಂಗಾ ಒಂದರ ಮೇಲೊಂದು ರೊಟ್ಟಿ ಒಟ್ಟುತ್ತಿದ್ದಾಳೆ. ಖಾನಾವಳಿಯವನು ಕೊಡೆ ಹಿಡಿದು ತಾನೇ ಒಯ್ಯಲು ಬಂದಿದ್ದ. ಹೊಟ್ಟೆ ತಂಪಾಯಿತು. ಕಣ್ಣೂ ಸ್ವಲ್ಪ ಒದ್ದೆಯಾಯಿತು. ಈ ಬಾರಿ ಪತ್ರಾಸಿನ ತಪ್ಪಿರಲಿಲ್ಲ.

ಇದನ್ನು ನಾನು ಬರೆಯುತ್ತಿರುವುದು ನವನಗರದಲ್ಲಿ, ಮಗಳ ಮನೆಯ ಪಡಸಾಲೆಯಲ್ಲಿ ಕುಳಿತು. ರಿಪೇರಿ ಸರಿಯಾಗಿದೆಯೋ ಇಲ್ಲವೋ ನೋಡಲು ವಾರ್ಡ್ ಆಫೀಸಿನವರು ಇವತ್ತು ಮತ್ತೆ ಬರುವವರಿದ್ದಾರೆ. ಈ ಸಲ ಗಂಗಾ "ಹೋಗ್ರಿ" ಎಂದು ಬಾಯಿಬಿಟ್ಟು ಹೇಳಲಿಲ್ಲ. ಚೀಲ ತುಂಬಿ ಹೊಸ್ತಿಲ ಮೇಲೆ ಇಟ್ಟಿದ್ದಳು, ಅಷ್ಟೇ. ಸರ್ಕಾರಿ ಕೆಲಸ ಹೇಗೆ ಮಾಡಿಸಿಕೊಳ್ಳಬೇಕೆಂದು ಓಣಿಯವರು ಈಗಲೂ ನನ್ನನ್ನು ಕೇಳುತ್ತಾರೆ. ಮೊದಲು ಬಸ್ಸು ಹಿಡಿಯಿರಿ ಎನ್ನುತ್ತೇನೆ.